ಮುದ್ದೆಗೋ, ರೊಟ್ಟಿಗೋ? ಹಾಸನದ ಒಂದು ಹಿಟ್ಟಿನ ಮಿಲ್ಲಿನ ಬಗ್ಗೆ

ಹಾಸನದ ಸಂತೆಪೇಟೆ ಕಡೆಯ ಓಣಿಯೊಂದರಲ್ಲಿ, ಸುತ್ತಮುತ್ತಲಿನವರೆಲ್ಲ ಬರೀ ‘ಮಿಲ್ಲು’ ಎಂದು ಕರೆಯುವ ಹಿಟ್ಟಿನ ಗಿರಣಿಗೆ ನಾನು ಇಪ್ಪತ್ತಾರು ವರ್ಷಗಳಿಂದ ರಾಗಿ ಕೊಂಡೊಯ್ಯುತ್ತಿದ್ದೇನೆ. ಹೋಟೆಲು, ಬಟ್ಟೆ ಅಂಗಡಿ, ಮೊಬೈಲು ಇವುಗಳ ಬಗ್ಗೆ ಅಭಿಪ್ರಾಯ ಬರೆಯುವವರು ಬಹಳ ಮಂದಿ ಇದ್ದಾರೆ. ದಿನವೂ ಉಣ್ಣುವ ಹಿಟ್ಟನ್ನು ಮಾಡಿಕೊಡುವ ಜಾಗದ ಬಗ್ಗೆ ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಈಚೆಗೆ ನಮ್ಮ ಬಡಾವಣೆಗೆ ಬಾಡಿಗೆಗೆ ಬಂದ ಹೊಸ ದಂಪತಿಗಳು ಒಳ್ಳೆಯ ರಾಗಿ ಹಿಟ್ಟು ಎಲ್ಲಿ ಸಿಗುತ್ತದೆಂದು ಕೇಳಿದಾಗ ಇದೇ ಮಿಲ್ಲಿನ ದಾರಿ ತೋರಿಸಿದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಜಾಗ ದೊಡ್ಡದಲ್ಲ. ಬಾಗಿಲ ಬಳಿ ತೂಕದ ಯಂತ್ರ, ಅದರ ಹಿಂದೆ ರಾಗಿಗೊಂದು, ಗೋಧಿಗೊಂದು, ಅಕ್ಕಿಗೊಂದು ಎಂದು ಮೂರು ಯಂತ್ರಗಳು, ಪಕ್ಕದ ಕೋಣೆಯಲ್ಲಿ ಖಾರದ ಪುಡಿ ಮತ್ತು ಸಾರಿನ ಪುಡಿಗೆಂದೇ ಮತ್ತೊಂದು. ನಿಮ್ಮ ಚೀಲ ತೂಕಕ್ಕೆ ಏರಿದ ಕೂಡಲೇ ಮಿಲ್ಲಿನವರು ಕೇಳುವ ಮೊದಲ ಮಾತು, ‘ಏನಕ್ಕ, ಮುದ್ದೆಗೋ ರೊಟ್ಟಿಗೋ?’ ಎಂಬುದು. ಈ ಮಿಲ್ಲನ್ನು ನಾನು ಮೆಚ್ಚುವುದಕ್ಕೆ ಈ ಒಂದು ಪ್ರಶ್ನೆಯೇ ಮುಖ್ಯ ಕಾರಣ. ಮುದ್ದೆಗಾದರೆ ಹಿಟ್ಟು ಬೆರಳಿಗೆ ತುಸು ತರಿಯಾಗಿ ಸಿಗಬೇಕು, ತೀರಾ ನುಣ್ಣಗಾದರೆ ತಿರುವುವಾಗ ಕೋಲಿಗೆ ಅಂಟಿಕೊಂಡು ಮುದ್ದೆ ಜಿಗುಟಾಗುತ್ತದೆ. ರೊಟ್ಟಿಗಾದರೆ ನುಣ್ಣಗಿರಬೇಕು, ಇಲ್ಲವಾದರೆ ತಟ್ಟುವಾಗ ಅಂಚು ಬಿರಿಯುತ್ತದೆ. ಅವರು ಮೇಲಿನ ತಗಡಿನ ಡಬ್ಬಕ್ಕೆ ರಾಗಿ ಸುರಿದು, ಕಲ್ಲುಗಳ ನಡುವಿನ ಸಂದನ್ನು ಹೆಚ್ಚು ಕಡಿಮೆ ಮಾಡುವ ಚಕ್ರದ ಮೇಲೆ ಒಂದು ಕೈ ಇಟ್ಟುಕೊಂಡು, ಕೆಳಗೆ ಬಟ್ಟೆಯ ತೋಳಿನಿಂದ ಇಳಿಯುವ ಹಿಟ್ಟಿಗೆ ಇನ್ನೊಂದು ಕೈ ಒಡ್ಡುತ್ತಾರೆ. ಹೆಬ್ಬೆರಳು ತೋರುಬೆರಳ ನಡುವೆ ಹಿಟ್ಟನ್ನು ಎರಡು ಸಲ ಉಜ್ಜಿ ನೋಡಿ, ಚಕ್ರವನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಉಜ್ಜಿ ನೋಡುತ್ತಾರೆ. ಹಿಟ್ಟು ಅಂಗೈಗೆ ಬಿಸಿಯಾಗಿ ತಗುಲಿದರೆ ಧಾನ್ಯ ಬೀಳುವ ವೇಗವನ್ನು ತಗ್ಗಿಸುತ್ತಾರೆ. ಇಷ್ಟು ವರ್ಷಗಳಲ್ಲಿ ಸುಟ್ಟ ವಾಸನೆಯ ಹಿಟ್ಟನ್ನು ನಾನು ಇಲ್ಲಿಂದ ಒಮ್ಮೆಯೂ ಮನೆಗೆ ತಂದಿಲ್ಲ.

ನಾನು ಹುಟ್ಟಿದ್ದು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನನ್ನ ಅಜ್ಜಿ ಕೋಳಿ ಕೂಗುವ ಮೊದಲೇ ಎದ್ದು ನಡುಮನೆಯಲ್ಲಿ ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದರು. ಎದುರಿಗೆ ಚಿಕ್ಕಮ್ಮ ಕೂತು ಅದೇ ಗೂಟಕ್ಕೆ ಕೈ ಕೊಡುತ್ತಿದ್ದರು. ಒಂಬತ್ತು ಜನರ ಮನೆಗೆ ಆ ದಿನದ ಹಿಟ್ಟು ಆಗಬೇಕಾದರೆ ಬೆಳಕು ಹರಿಯುತ್ತಿತ್ತು. ಆಮೇಲೆ ಪಕ್ಕದ ಊರಿಗೆ ಡೀಸೆಲ್ ಎಂಜಿನ್ನಿನ ಮಿಲ್ಲು ಬಂತು. ವಾರಕ್ಕೊಮ್ಮೆ ಅವ್ವ ಇಪ್ಪತ್ತು ಸೇರು ರಾಗಿಯನ್ನು ತಲೆಯ ಮೇಲೆ ಹೊತ್ತು, ನನ್ನನ್ನು ಜೊತೆಗೆ ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದರು. ಹೋಗುವಾಗಲೂ ಬರುವಾಗಲೂ ಎರಡು ಮೈಲಿ ನಡಿಗೆ, ಅಲ್ಲಿ ಸರದಿಗಾಗಿ ಅರ್ಧ ದಿನ ಕಾಯುವುದು. ಆದರೂ ಆ ದಿನ ಅವ್ವನ ಮುಖದಲ್ಲಿದ್ದ ಹಗುರವನ್ನು ನಾನು ಈಗಲೂ ನೆನೆಯಬಲ್ಲೆ. ನಮ್ಮ ಹೆಂಗಸರ ಬದುಕಿನಲ್ಲಿ ಕಳೆದ ಅರವತ್ತು ವರ್ಷಗಳಲ್ಲಿ ಆದ ದೊಡ್ಡ ಬದಲಾವಣೆ ಯಾವುದೆಂದು ಯಾರಾದರೂ ಕೇಳಿದರೆ, ಗ್ಯಾಸ್ ಒಲೆಗಿಂತ ಮೊದಲು ನಾನು ಮಿಲ್ಲಿನ ಹೆಸರನ್ನೇ ಹೇಳುತ್ತೇನೆ.

ಆಗ ನಮ್ಮ ಮನೆಯಲ್ಲಿ ಬೆಳಿಗ್ಗೆ ರೊಟ್ಟಿ ಇಲ್ಲವೇ ರಾತ್ರಿ ಉಳಿದ ತಂಗಳು ಹಿಟ್ಟಿಗೆ ಮಜ್ಜಿಗೆ, ಮಧ್ಯಾಹ್ನ ಮುದ್ದೆಗೆ ಬಸ್ಸಾರೋ ಉಪ್ಸಾರೋ, ರಾತ್ರಿ ಮತ್ತೆ ಮುದ್ದೆಗೆ ಹುರುಳಿಕಾಳಿನ ಸಾರು. ಅವರೆಕಾಯಿಯ ಕಾಲದಲ್ಲಿ ಮಾತ್ರ ಹಿಸುಕಿದ ಬೇಳೆಯ ಸಂಭ್ರಮ. ಅನ್ನವೆಂಬುದು ಹಬ್ಬಕ್ಕೆ, ನೆಂಟರಿಗೆ, ಕಾಯಿಲೆ ಬಿದ್ದವರಿಗೆ. ರಾಗಿಯನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ಸುರಿದು ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಹಿಡಿಯುತ್ತಿರಲಿಲ್ಲವಾದ್ದರಿಂದ, ಮಳೆ ಕೈಕೊಟ್ಟ ವರ್ಷವೂ ಮನೆಯಲ್ಲಿ ಹಿಟ್ಟಿಗೆ ಕೊರತೆ ಬರಲಿಲ್ಲ.

ಆ ತಟ್ಟೆ ಬದಲಾದ ಬಗೆಯನ್ನು ಈ ಮಿಲ್ಲಿನ ಮುಂದೆ ನಿಂತರೆ ಚೆನ್ನಾಗಿ ತಿಳಿಯಬಹುದು. 1979ರಲ್ಲಿ ಗೊರೂರಿನ ಬಳಿ ಹೇಮಾವತಿ ಅಣೆಕಟ್ಟು ಮುಗಿದು, ನಾಲೆಗಳಿಗೆ ನೀರು ಹರಿಯತೊಡಗಿದ ಮೇಲೆ ಜಿಲ್ಲೆಯ ಎಷ್ಟೋ ರಾಗಿ ಹೊಲಗಳು ಗದ್ದೆಗಳಾದವು. ಹೆಚ್ಚು ಇಳುವರಿಯ ಭತ್ತದ ತಳಿಗಳು ಬಂದವು, ಮನೆಯ ಗದ್ದೆಯ ಅಕ್ಕಿ ಹಬ್ಬದ ದಿನವನ್ನು ಕಾಯದೆ ಒಲೆಗೆ ಏರಿತು. ರಾಗಿಯ ಇಳುವರಿಯೇನೂ ಹಿಂದೆ ಬಿದ್ದಿರಲಿಲ್ಲ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿ, ಎಕರೆಗೆ ಮೊದಲಿಗಿಂತ ಎಷ್ಟೋ ಹೆಚ್ಚು ರಾಗಿ ಬೆಳೆಯುವಂತೆ ಮಾಡಿದ್ದರು. ಹೊಲದಲ್ಲಿ ರಾಗಿ ಹೆಚ್ಚುತ್ತಿದ್ದ ಕಾಲದಲ್ಲಿಯೇ ತಟ್ಟೆಯಲ್ಲಿ ಅದು ಕಡಿಮೆಯಾಗುತ್ತಾ ಬಂತು. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದು, ಬಡ ಕುಟುಂಬಗಳಿಗೆ ಕಿಲೋಗೆ 1 ರೂಪಾಯಿಯಂತೆ ತಿಂಗಳಿಗೆ 30 ಕಿಲೋವರೆಗೆ ಅಕ್ಕಿ ಸಿಗುವಂತಾದಾಗ ಹಸಿವಿನ ಭಯ ದೂರವಾಯಿತು. ಅದನ್ನು ಹಗುರವಾಗಿ ಕಾಣುವವರ ಜೊತೆ ನಾನು ಸೇರುವುದಿಲ್ಲ. ಹಸಿದ ಮನೆ ಹೇಗಿರುತ್ತದೆಂದು ಬಲ್ಲವಳು ನಾನು. ಅದರ ಜೊತೆಯಲ್ಲಿ ಮೂರು ಹೊತ್ತೂ ಅನ್ನವೇ ಎಂಬ ರೂಢಿ ಬಲವಾದದ್ದೂ ನಿಜ. ಈಚಿನ ವರ್ಷಗಳಲ್ಲಿ ನಮ್ಮ ಕಡೆಯ ಪಡಿತರದಲ್ಲಿ ರಾಗಿಯೂ ಸೇರಿದ್ದು ನನಗೆ ಸಮಾಧಾನ ತಂದ ಸಂಗತಿ.

ಆದರೆ ಜನ ರಾಗಿಯನ್ನು ಕೀಳೆಂದು ಎಣಿಸಿಯೇ ಬಿಟ್ಟರು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ರಾಗಿಯ ಹಿಂದೆ ಇದ್ದ ದುಡಿಮೆಗೆ ಮನೆಯಲ್ಲಿ ಕೈಗಳೇ ಉಳಿಯಲಿಲ್ಲ. ರಾಗಿಯನ್ನು ಮೊರದಲ್ಲಿ ಕೇರಬೇಕು, ನೀರಿನಲ್ಲಿ ಜಾಲಿಸಿ ಕಲ್ಲು ತೆಗೆಯಬೇಕು, ತಾರಸಿಯ ಮೇಲೆ ಹರಡಿ ಒಣಗಿಸಬೇಕು, ಮಳೆ ಬಂದರೆ ಓಡಿಹೋಗಿ ಬಾಚಬೇಕು, ಮಿಲ್ಲಿಗೆ ಹೊರಬೇಕು, ಕೊನೆಗೆ ಕುದಿಯುವ ಪಾತ್ರೆಯನ್ನು ಎರಡು ಕಾಲುಗಳಿಂದ ಅದುಮಿ ಹಿಡಿದು ಗಂಟಾಗದಂತೆ ತಿರುವಬೇಕು. ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯುವ ಹೆಂಗಸು ಇದನ್ನೆಲ್ಲ ಯಾವಾಗ ಮಾಡಬೇಕು? ಅಲ್ಲದೆ ಮುದ್ದೆ ಊಟದ ಡಬ್ಬಿಗೆ ಒಗ್ಗುವುದಿಲ್ಲ. ಒಲೆಯಿಂದ ಇಳಿದ ಬಿಸಿಯಲ್ಲಿ, ಮನೆಯಲ್ಲಿ ಕೂತು, ಸಾರಿನಲ್ಲಿ ಅದ್ದಿ ನುಂಗುವ ಆಹಾರ ಅದು. ಮಧ್ಯಾಹ್ನದ ಊಟ ಮನೆಯಿಂದ ಕಚೇರಿಗೆ, ಶಾಲೆಗೆ ಹೋದ ದಿನವೇ ಮಧ್ಯಾಹ್ನದ ಮುದ್ದೆ ಹೋಯಿತು. ನಾನೂ ಕೆಲಸಕ್ಕೆ ಹೋಗುತ್ತಿದ್ದ ಮೂವತ್ತು ವರ್ಷ ಡಬ್ಬಿಗೆ ಚಿತ್ರಾನ್ನವನ್ನೇ ಕಟ್ಟಿದೆ.

ಈ ಮಿಲ್ಲಿನವರು ಇದನ್ನು ಅರ್ಥ ಮಾಡಿಕೊಂಡು ತಮ್ಮ ಕೆಲಸವನ್ನು ಬದಲಿಸಿಕೊಂಡಿದ್ದಾರೆ. ಕೆಲವು ವರ್ಷಗಳ ಹಿಂದೆ ರಾಗಿಯಿಂದ ಕಲ್ಲು, ಮಣ್ಣು, ಹೊಟ್ಟು ಬೇರ್ಪಡಿಸುವ ಸಣ್ಣ ಯಂತ್ರವನ್ನು ಹಾಕಿಸಿದರು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಚೀಲ ಇಟ್ಟು, ಚೀಟಿಯ ಮೇಲೆ ಹೆಸರನ್ನೂ ‘ಮುದ್ದೆ’ ಅಥವಾ ‘ರೊಟ್ಟಿ’ ಎಂದೂ ಬರೆದು ಹೋದರೆ, ಸಂಜೆ ಬರುವಾಗ ಆರಿದ ಹಿಟ್ಟು ಸಿದ್ಧವಿರುತ್ತದೆ. ಮೊದಲು ಐದು ಕಿಲೋಗಿಂತ ಕಡಿಮೆ ಇದ್ದರೆ ಯಂತ್ರ ಹಾಕುತ್ತಿರಲಿಲ್ಲ. ಈಗ ಒಂದು ಕಿಲೋವನ್ನೂ ಬೇಸರವಿಲ್ಲದೆ ಬೀಸಿಕೊಡುತ್ತಾರೆ. ಹಿಂದಿನ ಹಾಗೆ ಇಪ್ಪತ್ತು ಕಿಲೋ ತರುವವರು ಈಗ ಮದುವೆ, ದೇವರ ಊಟ ಮಾಡಿಸುವವರು ಮಾತ್ರ. ನಮ್ಮ ಮನೆಗೇ ಈಗ ತಿಂಗಳಿಗೆ ನಾಲ್ಕು ಕಿಲೋ ಸಾಕು. ಒಂದು ಸಂಜೆ ನನ್ನ ಮುಂದೆ ನಿಂತಿದ್ದ ಹುಡುಗನೊಬ್ಬ ‘ಮುದ್ದೆಗೋ ರೊಟ್ಟಿಗೋ’ ಎಂಬ ಪ್ರಶ್ನೆಗೆ ಉತ್ತರ ತಿಳಿಯದೆ ಚನ್ನರಾಯಪಟ್ಟಣದಲ್ಲಿದ್ದ ತಾಯಿಗೆ ಫೋನು ಮಾಡಿದ; ಮಿಲ್ಲಿನವರು ಫೋನನ್ನು ತಾವೇ ಇಸಿದುಕೊಂಡು, ‘ಎಷ್ಟು ಜನಕ್ಕವ್ವ, ಕುಕ್ಕರಲ್ಲಿ ಮಾಡ್ತಾನಾ, ಪಾತ್ರೇಲಾ?’ ಎಂದು ವಿಚಾರಿಸಿ ಅದಕ್ಕೆ ತಕ್ಕ ಹದದಲ್ಲಿ ಬೀಸಿಕೊಟ್ಟರು.

ಗಿರಾಕಿಗಳು ತರುವ ಕಾಳುಗಳೂ ಬದಲಾಗಿವೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಆಸುಪಾಸಿನಿಂದ ನವಣೆ, ಸಾಮೆ, ಊದಲು, ಹಾರಕಗಳ ಸಣ್ಣ ಸಣ್ಣ ಪೊಟ್ಟಣಗಳು ಸಾಲಿನಲ್ಲಿ ಕಾಣುತ್ತಿವೆ. ಸಕ್ಕರೆ ಕಾಯಿಲೆಯವರು ರಾಗಿ, ಗೋಧಿ, ಸೋಯಾ, ಮೆಂತ್ಯ ಎಲ್ಲವನ್ನೂ ಬೆರೆಸಿ ತರುತ್ತಾರೆ. ಇದರ ಬಗ್ಗೆ ನನಗೊಂದು ಮಾತು ಹೇಳುವುದಿದೆ. ರಾಗಿಯ ಕಾಳು ತೀರಾ ಚಿಕ್ಕದಾದ್ದರಿಂದ ಸಿಪ್ಪೆಸಹಿತ ಇಡಿಯಾಗಿ ಬೀಸುತ್ತೇವೆ, ಹೀಗಾಗಿ ಅದರ ನಾರು, ಖನಿಜಗಳು ಹಿಟ್ಟಿನಲ್ಲಿಯೇ ಉಳಿಯುತ್ತವೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಮಿನ ಆಸುಪಾಸು. ಬೆಳೆಯುವ ಮಕ್ಕಳಿಗೂ ವಯಸ್ಸಾದ ಹೆಂಗಸರಿಗೂ ಇದಕ್ಕಿಂತ ಒಳ್ಳೆಯ ಧಾನ್ಯವನ್ನು ನಾನು ಕಾಣೆ. ಆದರೆ ಅದೇ 100 ಗ್ರಾಂ ರಾಗಿಯಲ್ಲಿ 70 ಗ್ರಾಮಿನಷ್ಟು ಶರ್ಕರಪಿಷ್ಟವೂ ಇದೆ. ರಾಗಿ ಎಂದ ಮಾತ್ರಕ್ಕೆ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ ಎಂದು ನಂಬಿ, ನುಣ್ಣನೆಯ ಹಿಟ್ಟಿನ ಗಂಜಿಯನ್ನು ಲೋಟಗಟ್ಟಲೆ ಕುಡಿಯುವವರನ್ನು ನೋಡಿದ್ದೇನೆ. ನಮ್ಮ ಮನೆಯವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಅಂಥ ಗಂಜಿ ಕುಡಿದ ದಿನ ಏರುವಷ್ಟು, ಸೊಪ್ಪು ಮತ್ತು ಹುರುಳಿಕಾಳಿನ ಸಾರಿನೊಂದಿಗೆ ಸಣ್ಣ ಮುದ್ದೆ ಉಂಡ ದಿನ ಅವರಿಗೆ ಏರುವುದಿಲ್ಲ. ಹಿಂದಿನವರು ಮುದ್ದೆಯನ್ನು ಕಾಳು ಸೊಪ್ಪುಗಳಿಲ್ಲದೆ ಉಣ್ಣುತ್ತಿರಲಿಲ್ಲ, ಉಂಡ ಮೇಲೆ ಹೊಲಕ್ಕೆ ಹೋಗುತ್ತಿದ್ದರು ಎಂಬುದನ್ನೂ ಮರೆಯಬಾರದು.

ಪ್ಯಾಕೆಟ್ಟಿನ ಹಿಟ್ಟನ್ನು ನಾನು ಬಳಸಿಲ್ಲವೆಂದಲ್ಲ. ಮೊಣಕಾಲು ನೋವಿನಿಂದ ಓಡಾಡಲಾಗದ ನಾಲ್ಕು ತಿಂಗಳು ಅದನ್ನೇ ತರಿಸಿದ್ದೆ. ಸ್ವಚ್ಛವಾಗಿಯೇ ಇತ್ತು, ಆದರೆ ಎಲ್ಲವೂ ಒಂದೇ ನುಣುಪು. ಮುದ್ದೆ ಹೊಳಪಾಗಿ ಕಂಡರೂ ಬಾಯಲ್ಲಿ ರಾಗಿಯ ಘಮ ಬರಲಿಲ್ಲ. ಮಿಲ್ಲಿನಿಂದ ತಂದ ದಿನದ ಹಿಟ್ಟಿನಲ್ಲಿ, ಎಸರಿಗೆ ಸುರಿದ ಕೂಡಲೇ ಮಳೆ ಬಿದ್ದ ಹೊಲದಂಥ ಒಂದು ವಾಸನೆ ಅಡುಗೆಮನೆ ತುಂಬಾ ಏಳುತ್ತದೆ. ಆ ವಾಸನೆಗಾಗಿಯೇ ಮೊಣಕಾಲು ಸರಿಹೋದ ವಾರವೇ ನಾನು ಮತ್ತೆ ಚೀಲ ಹಿಡಿದು ಹೊರಟೆ.

ಕೊರತೆಗಳನ್ನೂ ಹೇಳಬೇಕು. ಕಳೆದ ಶ್ರಾವಣದಲ್ಲಿ ಮೊಮ್ಮಗಳಿಗೆಂದು ಎರಡು ಕಿಲೋ ರಾಗಿ ಬೀಸಿಸಿಕೊಂಡು ಬಂದು ಮುದ್ದೆ ಮಾಡಿದರೆ, ಕಹಿ. ನನಗಿಂತ ಮೊದಲು ಯಾರೋ ಮೆಂತ್ಯ ಸೇರಿದ ಮಿಶ್ರಣವನ್ನು ಅದೇ ಯಂತ್ರದಲ್ಲಿ ಬೀಸಿಸಿದ್ದರು; ಕಲ್ಲಿನಲ್ಲಿಯೂ ಬಟ್ಟೆಯ ತೋಳಿನಲ್ಲಿಯೂ ಉಳಿದದ್ದು ನಮ್ಮ ಹಿಟ್ಟಿಗೆ ಇಳಿದಿತ್ತು. ಮಗು ಒಂದು ತುತ್ತು ಬಾಯಿಗಿಟ್ಟು ಉಗಿದುಬಿಟ್ಟಾಗ ನನಗೆ ಬಹಳ ಸಂಕಟವಾಯಿತು. ಮರುದಿನ ಹೋಗಿ ಹೇಳಿದೆ. ಅವರು ತಪ್ಪೊಪ್ಪಿಕೊಂಡು ಅಷ್ಟೇ ರಾಗಿಯನ್ನು ತಮ್ಮ ಖರ್ಚಿನಲ್ಲಿ ಬೀಸಿಕೊಟ್ಟರು, ಅಂದಿನಿಂದ ಮಿಶ್ರಣದ ನಂತರ ಒಂದು ಹಿಡಿ ಅಕ್ಕಿ ಹಾಕಿ ಯಂತ್ರವನ್ನು ತೊಳೆದಂತೆ ಮಾಡುತ್ತಾರೆ. ಆದರೂ ಸಾಲು ದೊಡ್ಡದಿದ್ದ ದಿನ ಇದು ತಪ್ಪಿಹೋಗುವುದನ್ನು ಎರಡು ಸಲ ನಾನೇ ನೋಡಿ ನೆನಪಿಸಿದ್ದೇನೆ. ಖಾರದ ಪುಡಿಯ ಕೋಣೆಗೆ ಸರಿಯಾದ ಬಾಗಿಲಿಲ್ಲ; ಬೇಸಿಗೆಯಲ್ಲಿ ಎಲ್ಲರೂ ಮೆಣಸಿನಕಾಯಿ ತರುವ ಕಾಲಕ್ಕೆ ಘಾಟು ಇಡೀ ಮಿಲ್ಲನ್ನು ತುಂಬುತ್ತದೆ, ಉಬ್ಬಸದವರು ಆ ತಿಂಗಳುಗಳಲ್ಲಿ ಚೀಟಿ ಬರೆದಿಟ್ಟು ಹೊರಗೇ ಇರುವುದು ಒಳ್ಳೆಯದು. ಕಾಯುವವರಿಗೆ ಒಂದು ಬೆಂಚೂ ಇಲ್ಲ, ವಯಸ್ಸಾದವರಿಗೆ ಕಷ್ಟ.

ಬೀಸುವ ಕೂಲಿ ರಾಗಿಗೆ ಕಿಲೋಗೆ 8 ರೂಪಾಯಿ, ಕಲ್ಲು ತೆಗೆಸುವುದಕ್ಕೆ 3 ರೂಪಾಯಿ. ರಾಗಿ ಇಲ್ಲದವರು ಅಲ್ಲಿಯೇ ಕೊಳ್ಳಬಹುದು, ಆದರೆ ಸಾಧ್ಯವಾದರೆ ಸುಗ್ಗಿಯ ನಂತರ ಪರಿಚಯದ ರೈತರಿಂದಲೇ ವರ್ಷಕ್ಕಾಗುವಷ್ಟು ತಂದಿಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ. 2024-25ರ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ಕ್ವಿಂಟಾಲಿಗೆ 4,290 ರೂಪಾಯಿ, ಸಾಧಾರಣ ಭತ್ತಕ್ಕೆ 2,300 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತ್ತು. ಬಡವರ ಊಟವೆನ್ನಿಸಿಕೊಂಡಿದ್ದ ಧಾನ್ಯಕ್ಕೆ ಅಷ್ಟು ಬೆಲೆ ಬಂದದ್ದನ್ನು ನೋಡಲು ನನ್ನ ಅಜ್ಜಿ ಇರಬೇಕಿತ್ತು. ಆ ಬೆಲೆಗೇ ಕೊಂಡರೂ, ಕೂಲಿ ಸೇರಿ ಕಿಲೋ ಹಿಟ್ಟು ಐವತ್ತೈದು ರೂಪಾಯಿಯೊಳಗೆ ಮನೆ ಸೇರುತ್ತದೆ.

ಬೆಳಿಗ್ಗೆ ಎಂಟರಿಂದ ಒಂದರವರೆಗೆ, ಸಂಜೆ ನಾಲ್ಕರಿಂದ ಎಂಟರವರೆಗೆ ಮಿಲ್ಲು ತೆರೆದಿರುತ್ತದೆ, ಕರೆಂಟು ಹೋದರೆ ಕಾಯಬೇಕು. ಪ್ಲಾಸ್ಟಿಕ್ ಚೀಲದ ಬದಲು ಬಟ್ಟೆಯ ಚೀಲ ತನ್ನಿ, ಬಿಸಿ ಹಿಟ್ಟು ಬೆವರುವುದಿಲ್ಲ. ಮನೆಗೆ ಬಂದ ಮೇಲೆ ಅಗಲವಾದ ತಟ್ಟೆಯಲ್ಲಿ ಹರಡಿ, ಪೂರ್ತಿ ಆರಿದ ನಂತರವೇ ಡಬ್ಬಿಗೆ ತುಂಬಿ, ಒಂದು ತಿಂಗಳಿಗೆ ಆಗುವಷ್ಟನ್ನೇ ಬೀಸಿಸಿ. ಮಿಶ್ರಣಗಳಿಗೆಂದು ಬೇರೆಯೇ ಒಂದು ಯಂತ್ರ ಹಾಕಿಸಿ ಎಂದು ಮಿಲ್ಲಿನವರನ್ನು ನಾನು ಕೇಳಿಕೊಂಡಿದ್ದೇನೆ. ದೀಪಾವಳಿಯ ಹೊತ್ತಿಗೆ ನೋಡೋಣ ಅಕ್ಕ ಎಂದಿದ್ದಾರೆ. ಅಲ್ಲಿಯವರೆಗೆ, ನಿಮ್ಮ ರಾಗಿ ಡಬ್ಬಕ್ಕೆ ಬೀಳುವ ಮೊದಲು ಹಿಂದಿನವರು ಏನು ಬೀಸಿಸಿದರು ಎಂದು ಒಂದು ಮಾತು ಕೇಳಿಕೊಳ್ಳಿ.