ಆಕಾಶದಲ್ಲಿ, ಸಿಮ್‌ನಲ್ಲಿ, ಎರಡನ್ನೂ ಸೇರಿಸಿ: ಒಂದೇ ಪಾಠವನ್ನು ಮೂರು ಥರ ಕಲಿಸಿ ನೋಡಿದೆ

ಯುದ್ಧವಿಮಾನದ ಪೈಲಟ್ ರೇಡಿಯೋದಲ್ಲಿ ತಪ್ಪದೇ ಹೇಳಬೇಕಾದ ಮಾತು ಒಂದಿದೆ: ಬಿಂಗೋ. ವಾಪಸ್ ಹೋಗಿ ಇಳಿಯುವುದಕ್ಕೆ ಬೇಕಾದಷ್ಟೇ ಇಂಧನ ಉಳಿದಿದೆ, ಇನ್ನು ಕಾದಾಟ ಸಾಕು ಅಂತ ಅದರ ಅರ್ಥ. ನೆಲದ ಮೇಲೇ ಹಾರಾಟವನ್ನು ಅನುಕರಿಸುವ ಸಿಮ್ಯುಲೇಟರ್‌ನಲ್ಲಿ (ನಮ್ಮ ಬಾಯಲ್ಲಿ ಸಿಮ್) ಪ್ರತಿ ಸಲವೂ ಸರಿಯಾದ ಹೊತ್ತಿಗೆ ಬಿಂಗೋ ಹೇಳುತ್ತಿದ್ದ ಹುಡುಗನೊಬ್ಬ, ನಿಜವಾದ ವಿಮಾನದಲ್ಲಿ ಮೊದಲ ಸಲ ಎದುರಾಳಿಯ ಬೆನ್ನು ಹತ್ತಿದಾಗ ಹೇಳಲೇ ಇಲ್ಲ. ಹಿಂದಿನ ಸೀಟಿನಲ್ಲಿ ನಾನಿದ್ದೆ. ಇಂಧನದ ಗೇಜ್ ನೋಡಿದೆ, ಕಾದೆ, ಮತ್ತೆ ನೋಡಿದೆ. ಕೊನೆಗೆ ನಾನೇ ಹೇಳಿ ವಿಮಾನವನ್ನು ಮನೆ ಕಡೆ ತಿರುಗಿಸಿದೆ. ಇಳಿದ ಮೇಲೆ ಅವನು ಅಂದ: "ಸರ್, ಗೇಜ್ ನೋಡಿದೆ. ನಂಬರೂ ಕಾಣಿಸ್ತು. ಅದರ ಅರ್ಥ ತಲೆಗೆ ಹೋಗಲಿಲ್ಲ."

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಸಿಮ್‌ನ ಅಂಕಪಟ್ಟಿಯಲ್ಲಿ ಅವನೇ ಮೊದಲಿಗ.

ನಾನು ಕಲಿತದ್ದು ಕಿರಣ್‌ನಲ್ಲಿ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿ 1964ರಲ್ಲಿ ಮೊದಲು ಹಾರಿದ, ತಾಳ್ಮೆಯ ಜೆಟ್ ಅದು. ಅಲ್ಲಿಂದ ನೇರ ತೇಜ್‌ಪುರಕ್ಕೆ, ಮಿಗ್-21ಕ್ಕೆ. ನಡುವೆ ಮೆಟ್ಟಿಲೇ ಇರಲಿಲ್ಲ. ಎರಡು ಸೀಟಿನ ಮಿಗ್‌ನಲ್ಲಿ ಹಿಂದೆ ಕೂತ ಶಿಕ್ಷಕರಿಗೆ ಇಳಿಯುವಾಗ ರನ್‌ವೇ ಕಾಣಬೇಕೆಂದರೆ ಪೆರಿಸ್ಕೋಪ್ ಬೇಕಿತ್ತು. ನಡುವಿನ ಮೆಟ್ಟಿಲಾಗಿ ಒಂದು ಸುಧಾರಿತ ತರಬೇತಿ ಜೆಟ್ ಬೇಕು ಅಂತ ವಾಯುಪಡೆಯ ಅಪಘಾತಗಳನ್ನು ಪರಿಶೀಲಿಸಿದ ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಅಂಥ ಜೆಟ್ ಆದ ಹಾಕ್ ವಿಮಾನಗಳು ಬೀದರ್‌ಗೆ ಬಂದದ್ದು 2008ರಲ್ಲಿ. ಅಷ್ಟು ವರ್ಷದ ಕಾಯುವಿಕೆಯ ಬೆಲೆ ನನ್ನ ತಲೆಮಾರಿನವರಿಗೆ ಗೊತ್ತು. ಆಮೇಲೆ ನಾನೂ ಬೀದರ್‌ನಲ್ಲಿ ಹಾಕ್ ಶಿಕ್ಷಕನಾದೆ. ನಿವೃತ್ತಿಯಾದ ಮೇಲೆ ಹೊರದೇಶದ ಒಂದು ತರಬೇತಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಈ ಹೋಲಿಕೆ ಮಾಡಿದ್ದು ಅಲ್ಲಿ.

ಪಾಠ ಒಂದೇ: ದೂರದಿಂದ ಬರುವ ಎರಡು ವಿಮಾನಗಳನ್ನು ನಮ್ಮ ಎರಡು ವಿಮಾನ ತಡೆಯಬೇಕು. ಪರದೆಯ ಮೇಲೆ ಎರಡು ಚುಕ್ಕಿ ಕಾಣುತ್ತವೆ. ಯಾರು ಯಾರನ್ನು ನೋಡಿಕೊಳ್ಳಬೇಕು, ಯಾವ ಕೋನದಿಂದ ಹೋಗಬೇಕು, ಯಾವಾಗ ಕ್ಷಿಪಣಿ ಬಿಡಬೇಕು, ಯಾವಾಗ ಬಿಟ್ಟು ಓಡಬೇಕು ಅನ್ನುವುದನ್ನೆಲ್ಲ ಎರಡು ಮೂರು ನಿಮಿಷದಲ್ಲಿ ತೀರ್ಮಾನಿಸಬೇಕು. ಕೆಲವರಿಗೆ ಇದನ್ನು ಪೂರ್ತಿ ಆಕಾಶದಲ್ಲೇ ಕಲಿಸಿದೆವು, ಕೆಲವರಿಗೆ ಸಿಮ್‌ನಲ್ಲಿ, ಕೆಲವರಿಗೆ ಎರಡೂ ಸೇರಿದ ಮಿಶ್ರ ಹಾರಾಟದಲ್ಲಿ. ಇದೇನೂ ದೊಡ್ಡ ಅಧ್ಯಯನ ಅಲ್ಲ. ಒಬ್ಬ ಶಿಕ್ಷಕನ ನೋಟ್‌ಬುಕ್ ಅಷ್ಟೇ.

ಮೊದಲು ಪೂರ್ತಿ ನಿಜದ ಹಾರಾಟ. ನಾಲ್ಕು ವಿಮಾನ, ನಾಲ್ಕೂ ನಿಜ. ಬೆಳಿಗ್ಗೆ ಒಂದು ಕೆಟ್ಟರೆ ಇಡೀ ಪಾಠ ಹೋಯಿತು. ಮೋಡ ಕವಿದರೂ ಅಷ್ಟೇ. ಎದುರುಬದುರಾಗಲು ಮೊದಲು ದೂರ ದೂರ ಹೋಗಬೇಕು, ಒಂದು ಸುತ್ತು ಮುಗಿದ ಮೇಲೆ ಮತ್ತೆ ದೂರ ಹೋಗಬೇಕು. ಇಂಧನದ ಬಹುಪಾಲು ಈ ಹೋಗಿಬರುವುದಕ್ಕೇ ಖರ್ಚು. ಒಂದು ಗಂಟೆಯ ಸಾರ್ಟಿಯಲ್ಲಿ, ಅಂದರೆ ಒಂದು ಸಲ ಹಾರಿ ಇಳಿಯುವುದರಲ್ಲಿ, ಎರಡು, ಹೆಚ್ಚೆಂದರೆ ಮೂರು ಸಲ ಅಭ್ಯಾಸ ಸಿಗುತ್ತದೆ. ನಡುವೆ ನಿಲ್ಲಿಸಿ "ನೋಡಪ್ಪಾ, ಇಲ್ಲಿ ತಪ್ಪಿದೆ" ಅನ್ನುವ ಹಾಗಿಲ್ಲ.

ಆದರೆ ಮೈಗೆ ಸಿಗುವ ಪಾಠ ಇಲ್ಲಿ ಮಾತ್ರ. ಜಿ ಅಂದರೆ ಗುರುತ್ವದ ಪಟ್ಟು: ರಭಸದಿಂದ ತಿರುಗುವಾಗ ನಾಲ್ಕು ಜಿ ಎಳೆದಾಗ 70 ಕೆ.ಜಿ. ಮನುಷ್ಯ 280 ಕೆ.ಜಿ. ಆಗುತ್ತಾನೆ. ತಲೆಯ ಮೇಲಿನ ಹೆಲ್ಮೆಟ್ ಕೂಡ ನಾಲ್ಕು ಪಟ್ಟು. ರಕ್ತ ಕೆಳಗಿಳಿಯದಂತೆ ತೊಡುವ ಜಿ-ಸೂಟ್ ಹೊಟ್ಟೆ, ತೊಡೆ ಹಿಂಡುತ್ತದೆ. ಆಕ್ಸಿಜನ್ ಮಾಸ್ಕ್ ಬೆವರಿಗೆ ಜಾರುತ್ತದೆ. ಬೀದರ್‌ನ ಮೇ ತಿಂಗಳಲ್ಲಿ ವಿಮಾನವನ್ನು ನೆಲದ ಮೇಲೆ ಓಡಿಸಿಕೊಂಡು ರನ್‌ವೇಗೆ ಹೋಗುವಷ್ಟರಲ್ಲೇ ಬೆನ್ನು ಒದ್ದೆ. ಬಿಸಿ ಗಾಳಿಯಲ್ಲಿ ಎಂಜಿನ್‌ಗೂ ಶಕ್ತಿ ಕಡಿಮೆ, ವಿಮಾನ ನೆಲ ಬಿಡುವುದಕ್ಕೆ ಜಾಸ್ತಿ ರನ್‌ವೇ ತಿನ್ನುತ್ತದೆ. ಈ ಸ್ಥಿತಿಯಲ್ಲಿ ಲೆಕ್ಕ ಹಾಕಬೇಕು, ಮಾತಾಡಬೇಕು, ತೀರ್ಮಾನ ತೆಗೆದುಕೊಳ್ಳಬೇಕು. ತಣ್ಣಗೆ ಕೂತಾಗ ಬರುವ ಬುದ್ಧಿ ಬೇರೆ, ಮೈ ಹಿಂಡುವಾಗ ಉಳಿಯುವ ಬುದ್ಧಿ ಬೇರೆ.

ಜಿ ಅಭ್ಯಾಸಕ್ಕೆ ಬೆಂಗಳೂರಿನಲ್ಲಿ ಉದ್ದ ತೋಳಿನ ತುದಿಯಲ್ಲಿ ಕೂರಿಸಿ ತಿರುಗಿಸುವ ಸೆಂಟ್ರಿಫ್ಯೂಜ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಹೌದು, ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಇದೆ. ಉಸಿರು ಹೇಗೆ ಬಿಗಿಹಿಡಿಯಬೇಕು, ಕಣ್ಣು ಮಂಜಾಗುವ ಮುಂಚೆ ಮೈ ಏನು ಹೇಳುತ್ತದೆ ಅನ್ನುವುದನ್ನು ಅದು ಚೆನ್ನಾಗಿ ಕಲಿಸುತ್ತದೆ. ಆ ತೋಳು ತಿರುಗುವಾಗ ನಿಮ್ಮ ಜೊತೆಗಾರನ ಇಂಧನದ ಚಿಂತೆ ಮಾತ್ರ ನಿಮಗಿರುವುದಿಲ್ಲ.

ಎರಡನೆಯದು ಸಿಮ್. ಇದನ್ನು ಕೀಳಾಗಿ ನೋಡುವ ಹಳೆ ಪೈಲಟ್‌ಗಳನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ಮೊದಲ ತರಬೇತಿ ಪೆಟ್ಟಿಗೆ ಮಾಡಿದ. ಅವನದು ಆರ್ಗನ್ ವಾದ್ಯ ತಯಾರಿಸುವ ಮನೆತನ, ಪೆಟ್ಟಿಗೆಯನ್ನು ವಾಲಿಸಿದ್ದು ಅದೇ ವಾದ್ಯದ ತಿದಿಗಳಿಂದ. ಸೈನ್ಯದವರು ಮೊದಲು ಗಮನ ಕೊಡಲಿಲ್ಲ. 1934ರಲ್ಲಿ ಟಪಾಲು ಹೊರುವ ಕೆಲಸ ಅಮೆರಿಕದ ಸೈನ್ಯದ ಪೈಲಟ್‌ಗಳ ಮೇಲೆ ಬಿತ್ತು. ಮಂಜಿನಲ್ಲಿ, ಹಿಮದಲ್ಲಿ ಉಪಕರಣ ನೋಡಿ ಹಾರುವುದು ಬಾರದೆ ಹಲವರು ಸತ್ತರು. ಆಮೇಲೆಯೇ ಲಿಂಕ್‌ನ ಪೆಟ್ಟಿಗೆ ಕೊಂಡರು. ಈ ಕಸುಬಿನಲ್ಲಿ ಪೆಟ್ಟಿಗೆ ಬಂದದ್ದೇ ಜೀವ ಉಳಿಸಲು.

ಇವತ್ತಿಗೂ ಎಂಜಿನ್ ಬೆಂಕಿ, ಎಂಜಿನ್ ಆರಿಹೋಗುವುದು, ಇಜೆಕ್ಟ್ ಮಾಡುವ (ಸೀಟಿನ ಸಮೇತ ಹೊರಗೆ ಚಿಮ್ಮುವ) ತೀರ್ಮಾನ ಇವುಗಳಿಗೆ ಸಿಮ್ ಬಿಟ್ಟರೆ ಬೇರೆ ಜಾಗ ಇಲ್ಲ. ಒಂದೇ ಎಂಜಿನ್ ಇರುವ ವಿಮಾನದಲ್ಲಿ ಅದನ್ನು ಬೇಕಂತಲೇ ಆರಿಸಿ ಪಾಠ ಮಾಡಲು ಆಗುತ್ತದಾ? ನಮ್ಮ ಇಂಟರ್ಸೆಪ್ಟ್ (ತಡೆಯುವ) ಪಾಠದಲ್ಲೂ ಸಿಮ್‌ನ ಲಾಭ ದೊಡ್ಡದು. ಒಂದು ಗಂಟೆಯಲ್ಲಿ ಹತ್ತು ಸುತ್ತು. ತಪ್ಪಿದ ಕ್ಷಣದಲ್ಲೇ ಚಿತ್ರ ನಿಲ್ಲಿಸಿ ಮಾತಾಡಬಹುದು. ಕೋನ, ದೂರ, ವೇಗದ ಲೆಕ್ಕ ಸಿಮ್‌ನವರಿಗೆ ಬೇಗ ಹಿಡಿಯಿತು. ಆಕಾಶದವರು ಅದಕ್ಕೇ ಒದ್ದಾಡುತ್ತಿದ್ದರು.

ಸಿಮ್ ಸುಳ್ಳು ಹೇಳುವುದು ಎಲ್ಲಿ? ಮೈ ಹತ್ತಿರ. ಕಣ್ಣು ತಿರುಗುತ್ತಿದ್ದೇವೆ ಅನ್ನುತ್ತದೆ, ಒಳಕಿವಿ ಇಲ್ಲ ಅನ್ನುತ್ತದೆ. ಇಷ್ಟು ವರ್ಷ ಹಾರಿದ ನನಗೂ ಗುಮ್ಮಟದಂಥ ಪರದೆಯೊಳಗೆ ಕೂತು ಮೊದಲ ವಾರ ಹೊಟ್ಟೆ ತೊಳಸಿತು. ಇನ್ನೊಂದು ಅಪಾಯ ತಪ್ಪು ಅಭ್ಯಾಸ. ಒಂದು ಕಡೆಯ ಸಿಮ್‌ನಲ್ಲಿ ಇಳಿಯುವ ಕೊನೆಯ ಕ್ಷಣದಲ್ಲಿ ವಿಮಾನ ನಡೆಸುವ ಸ್ಟಿಕ್ ನಿಜಕ್ಕಿಂತ ಹಗುರ ಇತ್ತು. ಅಲ್ಲಿ ಚೆನ್ನಾಗಿ ಕಲಿತ ಹುಡುಗಿಯೊಬ್ಬಳು ನಿಜದ ವಿಮಾನವನ್ನು ತಡವಾಗಿ ಎತ್ತಿ ಗಟ್ಟಿಯಾಗಿ ನೆಲಕ್ಕೆ ಕೂರಿಸುತ್ತಿದ್ದಳು. ಅದನ್ನು ಮರೆಸಲು ಮೂರು ಸಾರ್ಟಿ ಬೇಕಾಯಿತು. ತಪ್ಪು ಅವಳದಲ್ಲ. ಆದರೂ ಷರಾ ಬಿದ್ದದ್ದು ಅವಳ ಪುಸ್ತಕದಲ್ಲಿ. ಅದನ್ನು ಅಳಿಸಲು ನಾನು ಜಗಳ ಆಡಬೇಕಾಯಿತು.

ಈಗ ಮಿಶ್ರ ಹಾರಾಟ. ವಿಮಾನ ನಿಜ, ಜಿ ನಿಜ, ಇಂಧನ ನಿಜ. ಎದುರಾಳಿ ಮಾತ್ರ ಹುಸಿ. ತರಬೇತಿ ವಿಮಾನದ ಮೂಗಿನಲ್ಲಿ ರೇಡಾರ್ ಇರುವುದಿಲ್ಲ, ಇದ್ದ ಹಾಗೆ ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಬರೆಯುತ್ತದೆ. ಒಂದು ಚುಕ್ಕಿ ಪೂರ್ತಿ ಕಂಪ್ಯೂಟರ್‌ನದು. ಇನ್ನೊಂದನ್ನು ನೆಲದ ಸಿಮ್‌ನಲ್ಲಿ ಕೂತ ಪೈಲಟ್ ಓಡಿಸುತ್ತಿರುತ್ತಾನೆ, ಮಾಹಿತಿ ಸಾಗಿಸುವ ರೇಡಿಯೋ ಕೊಂಡಿ, ಅಂದರೆ ಡೇಟಾ ಲಿಂಕ್ ಮೂಲಕ ಅದು ಹಾರುವ ವಿಮಾನಕ್ಕೆ ಬರುತ್ತದೆ. ಬ್ರಿಟನ್ನಿನ ವ್ಯಾಲಿ ನೆಲೆಯ ಹಾಕ್ ಟಿ2ನಲ್ಲಿ ಇಂಥ ಹುಸಿ ರೇಡಾರ್ ಇದೆ; ಇಟಲಿಯ ಸಾರ್ಡೀನಿಯಾ ದ್ವೀಪದ ಡೆಚಿಮೊಮನ್ನುವಿನಲ್ಲಿ ಹಾರುವ ಎಂ-346ರಲ್ಲಿ ನೆಲದ ಸಿಮ್ ಜೊತೆಯ ಕೊಂಡಿಯೂ ಇದೆ. ಹಾರುವ ವಿಮಾನದೊಳಗೇ ಸಿಮ್ ಕೂರಿಸುವ ಯೋಚನೆ ನಮಗೂ ಹೊಸದಲ್ಲ. ತೇಜಸ್ 2001ರಲ್ಲಿ ಬೆಂಗಳೂರಿನಿಂದ ಮೊದಲ ಸಲ ಏಳುವ ಮುಂಚೆ, ಅದರ ಹಾರಾಟ ನಿಯಂತ್ರಣವನ್ನು ಅಮೆರಿಕದಲ್ಲಿ ವಿಸ್ಟಾ ಎಂಬ ಬದಲಾಯಿಸಿದ ಎಫ್-16ಕ್ಕೆ ತುಂಬಿ ಹಾರಿಸಿ ನೋಡಿದ್ದರು.

ಮೊದಲ ದಿನ ಹಿಂದಿನ ಸೀಟಿನಲ್ಲಿ ಕೂತಾಗ ನನ್ನ ಅನುಮಾನ ಅರ್ಧ ಕರಗಿತು. ಕ್ಷಿಪಣಿ ಬರುತ್ತಿದೆ ಅಂತ ಎಚ್ಚರಿಕೆ ಕೂಗಿತು. ಹುಡುಗ ಐದು ಜಿ ಎಳೆದ. ಆ ಕ್ಷಿಪಣಿ ಪರದೆಯ ಮೇಲಿನ ಒಂದು ಗುರುತು ಅಷ್ಟೇ, ಆದರೆ ಅವನ ಉಸಿರು ನಿಜವಾಗಿ ಕಟ್ಟಿತ್ತು. ಹೋಗಿಬರುವ ಖರ್ಚೂ ಇಲ್ಲ. ಒಂದು ಸುತ್ತು ಮುಗಿದ ತಕ್ಷಣ ಬೇಕಾದ ದೂರದಲ್ಲಿ ಹೊಸ ಎದುರಾಳಿ ಹುಟ್ಟುತ್ತಾನೆ.

ಕೊರತೆಯನ್ನು ನಾನು ಕಂಡದ್ದು ಕಿವಿಯಿಂದ. ಜೊತೆಗಾರ ನೆಲದ ಸಿಮ್‌ನಲ್ಲಿದ್ದಾನಾ, ಆಕಾಶದಲ್ಲಿದ್ದಾನಾ ಅನ್ನುವುದು ರೇಡಿಯೋದಲ್ಲಿ ಎರಡೇ ಮಾತಿಗೆ ಗೊತ್ತಾಗುತ್ತಿತ್ತು. ನೆಲದವನು ವಾಕ್ಯ ಪೂರ್ತಿ ಮಾಡುತ್ತಾನೆ. ಆಕಾಶದವನ ಮಾತು ಜಿ ಬಿದ್ದಾಗ ನಡುವೆಯೇ ಮುರಿಯುತ್ತದೆ. ಇದು ಸಣ್ಣ ವಿಷಯ ಅಲ್ಲ. ನೆಲದವನಿಗೆ ಎಷ್ಟು ತಿರುಗಿದರೂ ಕುತ್ತಿಗೆ ನೋಯುವುದಿಲ್ಲ, ಅವನು ಸುಲಭವಾಗಿ ತಿರುಗಿ, ಸಲೀಸಾಗಿ ಯೋಚಿಸಿ ಗೆಲ್ಲುತ್ತಾನೆ. ಮೇಲಿದ್ದವನು ತಾನೇ ದಡ್ಡ ಅಂದುಕೊಂಡು ಇಳಿಯುತ್ತಾನೆ. ಇಬ್ಬರಿಗೂ ಒಂದೇ ಅಂಕಪಟ್ಟಿ ಇಟ್ಟರೆ ಅನ್ಯಾಯ. ನಾವು ಮೊದಲ ತಿಂಗಳು ಹಾಗೇ ಇಟ್ಟಿದ್ದೆವು. ಆಮೇಲೆ ಬದಲಾಯಿಸಿದೆವು.

ಎರಡನೇ ಕೊರತೆ ಕಿಟಕಿಯದು. ಹುಸಿ ವಿಮಾನ ಪರದೆಯಲ್ಲಿದೆ, ಹೊರಗೆ ಬರೀ ನೀಲಿ. ಇಬ್ಬರೂ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಪಾಠ ಅಲ್ಲಿಗೆ ನಿಲ್ಲುತ್ತದೆ. ಹೆಲ್ಮೆಟ್ ಗಾಜಿನಲ್ಲೇ ಹುಸಿ ವಿಮಾನ ತೋರಿಸುವ ಪ್ರಯತ್ನಗಳು ಅಮೆರಿಕದಲ್ಲಿ ನಡೆದಿವೆ, ನಾನು ಹಾರಿಸಿದ್ದರಲ್ಲಿ ಅದು ಇರಲಿಲ್ಲ. ಹಾಗಾಗಿ ತಲೆ ತಗ್ಗಿಸಿ ಪರದೆ ನೋಡುವ ಚಾಳಿ ಬೆಳೆಯುತ್ತದೆ. ಒಮ್ಮೆ ಹುಡುಗ ಇಲ್ಲದ ಎದುರಾಳಿಯನ್ನು ಹುಡುಕುತ್ತಿದ್ದಾಗ, ಎಡಗಡೆಯಿಂದ ನಿಜವಾದ ವಿಮಾನವೊಂದು ನಮ್ಮ ಪ್ರದೇಶಕ್ಕೆ ನುಗ್ಗಿ ಬಂತು. "ನಾಕ್ ಇಟ್ ಆಫ್" (ಅಭ್ಯಾಸ ನಿಲ್ಲಿಸಿ) ಅಂತ ನಾನು ಕೂಗಿದೆ. ಆ ಮಾತು ಕೇಳಿದರೆ ಹುಸಿ ಎದುರಾಳಿಗಳೆಲ್ಲ ಅಳಿಸಿಹೋಗಬೇಕು, ಎಲ್ಲರೂ ಹೊರಗೆ ನೋಡಬೇಕು. ಈ ನಿಯಮ ಬಾಯಿಪಾಠ ಆಗುವ ತನಕ ಯಾರನ್ನೂ ಮಿಶ್ರ ಹಾರಾಟಕ್ಕೆ ಕಳಿಸಬಾರದು.

ಹಾಗಾದರೆ ಯಾವುದು ಗೆದ್ದಿತು? ಅಳತೆ ಯಾವುದು ಅನ್ನುವುದರ ಮೇಲಿದೆ. ಹಳೆಯ ಅಳತೆ ಒಂದು ಇದೆ: ಸಿಮ್‌ನಲ್ಲಿ ಕಳೆದ ಒಂದು ಗಂಟೆಗೆ ಹಾರಾಟದ ಎಷ್ಟು ಗಂಟೆ ಉಳಿಯಿತು ಅನ್ನುವ ಲೆಕ್ಕ. ಅಮೆರಿಕದ ಸಂಶೋಧಕ ಸ್ಟ್ಯಾನ್ಲಿ ರಾಸ್ಕೋ 1971ರಲ್ಲಿ ಒಂದು ಮುಖ್ಯ ಮಾತು ತೋರಿಸಿದರು: ಮೊದಲ ಕೆಲವು ಸಿಮ್ ಗಂಟೆ ತುಂಬಾ ಉಳಿಸುತ್ತವೆ, ಆಮೇಲಿನವು ಕಡಿಮೆ ಕಡಿಮೆ ಆಗುತ್ತಾ ಹೋಗುತ್ತವೆ. ನನ್ನ ಅನುಭವವೂ ಅದೇ. ಆದರೆ ಗಂಟೆ ಉಳಿಯಿತು ಅಂದರೆ ದುಡ್ಡು ಉಳಿಯಿತು ಅಂತ ಅರ್ಥ, ಪೈಲಟ್ ಗಟ್ಟಿಯಾದ ಅಂತ ಅಲ್ಲ. ಅಮೆರಿಕದ ವಾಯುಪಡೆ 2018ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಹುಸಿ ದೃಶ್ಯ ತೋರಿಸುವ ವಿಆರ್ ಕನ್ನಡಕ ಮತ್ತು ಟಿ-6 ತರಬೇತಿ ವಿಮಾನ ಸೇರಿಸಿ ಒಂದು ಪ್ರಯೋಗ ಮಾಡಿತು. 20 ಜನ ಸೇರಿದರು, ಸುಮಾರು ಆರು ತಿಂಗಳಲ್ಲಿ 13 ಜನ ಮುಗಿಸಿದರು. ಎಷ್ಟು ಬೇಗ ಅಂತ ಎಲ್ಲರೂ ಮಾತಾಡಿದರು. ನಾನಾಗಿದ್ದರೆ ಕೇಳುತ್ತಿದ್ದದ್ದು ಆ 13 ಜನ ಮುಂದಿನ ವಿಮಾನದಲ್ಲಿ ಮೊದಲ ಕೆಟ್ಟ ದಿನ ಏನು ಮಾಡಿದರು ಅಂತ.

ನಾವು ಎಲ್ಲರನ್ನೂ ಕೊನೆಗೆ ಒಂದೇ ಪರೀಕ್ಷೆಗೆ ಹಾಕಿದೆವು. ನಿಜದ ನಾಲ್ಕು ವಿಮಾನ, ಯಾರೂ ಅಭ್ಯಾಸ ಮಾಡದ ಸನ್ನಿವೇಶ. ನಾನು ಬರೆದುಕೊಂಡದ್ದು ಕೆಲವೇ ಸಂಗತಿ: ಕೇಳದೆಯೇ ಇಂಧನ ಹೇಳಿದನಾ, ಕಣ್ಣು ಎಲ್ಲಿತ್ತು, ಯೋಜನೆ ಕೆಟ್ಟಾಗ ಎಷ್ಟು ಬೇಗ ಬಿಟ್ಟುಕೊಟ್ಟ. ಸಿಮ್‌ನವರು ಆರಂಭದಲ್ಲಿ ಅಚ್ಚುಕಟ್ಟು, ಜಿ ಬಿದ್ದ ಮೇಲೆ ಮೌನ. ಆಕಾಶದವರ ಕಣ್ಣು ಹೊರಗೆ, ಇಂಧನ ಬಾಯಲ್ಲಿ, ಲೆಕ್ಕ ಮಾತ್ರ ನಿಧಾನ. ಮಿಶ್ರದವರು ತೀರ್ಮಾನದಲ್ಲಿ ಎಲ್ಲರಿಗಿಂತ ಮುಂದೆ, ಆದರೆ ಹೊರಗೆ ನೋಡುವುದರಲ್ಲಿ ಹಿಂದೆ. ಇನ್ನೊಂದು ವಿಷಯ ಆಗ ಗೊತ್ತಾಯಿತು. ಸಿಮ್ ಮುಟ್ಟದೆ ನೇರ ಮಿಶ್ರಕ್ಕೆ ಹೋದವರು ಗುಂಡಿ ಯಾವುದು ಅಂತ ಹುಡುಕುವುದರಲ್ಲೇ ಇಂಧನ ಸುಟ್ಟರು. ಅದು ಬರೀ ದಂಡ.

ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದು ಸಿಮ್‌ನಲ್ಲಿ ಲೆಕ್ಕ ಕಲಿತು ಆಮೇಲೆ ಮಿಶ್ರಕ್ಕೆ ಬಂದವರು. ಅವರಲ್ಲಿ ನಾನು ಹೇಳಿದ ಆ ಹುಡುಗಿಯೂ ಇದ್ದಳು. ಪರೀಕ್ಷೆಯ ದಿನ ಎದುರಾಳಿ ಕೈಗೆ ಸಿಗುವಷ್ಟು ಹತ್ತಿರ ಇದ್ದ. ಅವಳು ನಾಲ್ಕು ಜಿಯಲ್ಲಿದ್ದಳು. ಹೆಡ್‌ಫೋನಿನಲ್ಲಿ "ಬಿಂ" ಅಂತ ಕೇಳಿಸಿತು, ಒಂದು ಉಸಿರು, ಆಮೇಲೆ "ಗೋ". ಎದುರಾಳಿಯನ್ನು ಬಿಟ್ಟು ರೆಕ್ಕೆ ನೆಟ್ಟಗೆ ಮಾಡಿದಳು. ನಾನು ಹಿಂದೆ ಕೂತು ಗೇಜ್ ನೋಡಿದೆ. ಸರಿಯಾಗಿತ್ತು.

ನನ್ನ ಕೈಯಲ್ಲಿದ್ದರೆ ಈ ಪಾಠಕ್ಕೆ ಮೊದಲು ಸಿಮ್, ಹೆಚ್ಚು ಹೊತ್ತು ಮಿಶ್ರ, ಕೊನೆಗೆ ಕೆಲವೇ ಆದರೂ ತಪ್ಪದ ನಿಜದ ಸಾರ್ಟಿ ಇಡುತ್ತೇನೆ. ಸ್ಪಿನ್ (ಗಿರಗಿರ ಸುತ್ತುತ್ತಾ ಬೀಳುವುದು), ಫಾರ್ಮೇಶನ್ (ಜೊತೆಜೊತೆಯ ಹಾರಾಟ), ತಗ್ಗಿನ ಹಾರಾಟ, ಇಳಿಯುವುದು ಇವುಗಳ ಗಂಟೆಯಲ್ಲಿ ಒಂದು ನಿಮಿಷವನ್ನೂ ಕಡಿಯುವುದಿಲ್ಲ. ಬೀದರ್‌ನ ಹಾಕ್‌ನಲ್ಲಿ ರೇಡಾರ್ ಇಲ್ಲ. ಅದಕ್ಕೇ ನಮ್ಮ ಹುಡುಗ ಹುಡುಗಿಯರು ನಿಜವಾದ ರೇಡಾರ್ ಪಾಠ ಕಲಿಯುವುದು ದುಬಾರಿ ಯುದ್ಧವಿಮಾನಕ್ಕೆ ಹೋದ ಮೇಲೆ. 2023ರಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಎಚ್‌ಎಎಲ್ ಮುಂದಿನ ತರಬೇತಿ ಜೆಟ್ ಎಚ್‌ಎಲ್‌ಎಫ್‌ಟಿ-42ರ ಮಾದರಿ ಇಟ್ಟಿತ್ತು. ಜನ ಅದರ ಬಾಲ, ರೆಕ್ಕೆ ನೋಡುತ್ತಿದ್ದರು. ನಾನು ಕಾಕ್‌ಪಿಟ್ ಕಡೆ ನೋಡುತ್ತಾ ಬಹಳ ಹೊತ್ತು ನಿಂತೆ. ಅಂಥದ್ದೊಂದು ನಿಜವಾಗಿ ಹಾರುವ ದಿನ, ನೆಲದ ಸಿಮ್ ಜೊತೆ ಮಾತಾಡುವ ಡೇಟಾ ಲಿಂಕ್ ಅದರಲ್ಲಿ ಮೊದಲ ದಿನದಿಂದಲೇ ಇರಬೇಕು. ಆ ಸಿಮ್‌ನಲ್ಲಿ ಕೂರುವವನಿಗೆ ಬೇರೆ ಅಂಕಪಟ್ಟಿಯೂ ಇರಬೇಕು.