ಡ್ರಾಪ್ ರೇಟ್ ಶೀಟ್‌ಗೆ 3,000 ರೂಪಾಯಿ ಹಾಕಿದೆ, ನೀವು ಹಾಕಬೇಡಿ

ಮೊದಲೇ ಹೇಳಿಬಿಡುತ್ತೇನೆ, ನಾನು ಲೆಕ್ಕ ಬರೆಯುವವನು. ಮಂಗಳೂರಿನ ಬಂದರಿನಲ್ಲಿ ಒಂದು ಐಸ್ ಪ್ಲಾಂಟಿನ ಲೆಕ್ಕ, 11 ವರ್ಷದಿಂದ. ಅದಕ್ಕೇ ನಾಚಿಕೆ ಜಾಸ್ತಿ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟ್ ಕಡಲಿಗೆ ಇಳಿಯುವುದಿಲ್ಲ, ಗೊತ್ತಲ್ಲ. ನಮಗೂ ಕೆಲಸ ಕಮ್ಮಿ. ಹೊರಗೆ ಮಳೆ, ಕೈಯಲ್ಲಿ ಗೇಮ್. ಒಂದು ಬಾಸ್, ಅಂದರೆ ಗೇಮಿನ ದೊಡ್ಡ ಶತ್ರು, ಅವನ ಹಿಂದೆ ಬಿದ್ದಿದ್ದೆ. ಅವನು ಸತ್ತರೆ ಅಪರೂಪಕ್ಕೆ ಒಂದು ಕತ್ತಿ ಬೀಳುತ್ತದೆ, ಅದಕ್ಕೇ ಡ್ರಾಪ್ ಎನ್ನುವುದು. ನೂರಕ್ಕೆ ಎಷ್ಟು ಸಲ ಬೀಳುತ್ತದೆ ಎಂಬ ಡ್ರಾಪ್ ರೇಟನ್ನು ಕಂಪನಿ ಎಲ್ಲೂ ಹಾಕಿಲ್ಲ. ದುಡ್ಡು ಕೊಟ್ಟು ತೆರೆಯುವ ಬಾಕ್ಸ್‌ಗೆ ರೇಟ್ ತೋರಿಸಲೇಬೇಕು ಎಂದು ಆ್ಯಪಲ್ 2017ರ ಡಿಸೆಂಬರ್‌ನಲ್ಲೇ ನಿಯಮ ಮಾಡಿತು. ಬಾಸ್ ಹೊಡೆದು ಸಿಗುವ ಡ್ರಾಪ್‌ಗೆ ಅದು ತಾಗುವುದಿಲ್ಲ. ರೇಟ್ ಕಂಡುಹಿಡಿದಿದ್ದೇವೆ ಎಂದು ಶೀಟ್ ಮಾರುವವರ ವ್ಯಾಪಾರ ನಡೆಯುವುದೇ ಇಲ್ಲಿ.

ಗಿಲ್ಡ್‌ನ, ಅಂದರೆ ಗೇಮಿನಲ್ಲಿ ಜೊತೆಗೆ ಆಡುವ ನಮ್ಮ ಗುಂಪಿನ, ಒಬ್ಬ ಹುಡುಗ ಉಡುಪಿಯವನು. "ಅಣ್ಣ, ನಾನು ರೇಟ್ ತೆಗೆದಿದ್ದೇನೆ, 1,200ಕ್ಕೆ ಶೀಟ್ ಕೊಡ್ತೇನೆ" ಎಂದ. ಮುಖ ನೋಡದೆ ದುಡ್ಡು ಹಾಕುವುದಿಲ್ಲ ಎಂದು ನಾನು ಬುದ್ಧಿವಂತನ ಹಾಗೆ ಬಸ್ ಹತ್ತಿ ಹೋದೆ. ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಲ್ಲಿ ಕುಳಿತೆವು. ಗೋಳಿಬಜೆ, ಚಹಾ. ಬಿಲ್ಲೂ ನಾನೇ ಕೊಟ್ಟೆ!

ಲ್ಯಾಪ್‌ಟಾಪ್ ತೆರೆದು ತೋರಿಸಿದ. 212 ರನ್, ಅಂದರೆ 212 ಸಲ ಬಾಸ್ ಹೊಡೆದ ಲೆಕ್ಕ, 5 ಡ್ರಾಪ್. 2.36 ಪರ್ಸೆಂಟ್, ಹೆಚ್ಚುಕಮ್ಮಿ 43 ರನ್ನಿಗೆ ಒಂದು. "43 ರನ್ ಒಳಗೆ ಬರ್ಲೇಬೇಕು ಅಣ್ಣ. ಗೆನ್‌ಶಿನ್‌ನಲ್ಲಿ 90 ಪುಲ್‌ಗೆ ಗ್ಯಾರಂಟಿ ಉಂಟಲ್ಲ, ಹಾಗೆಯೇ." ಗೆನ್‌ಶಿನ್ ಬೇರೆ ಗೇಮ್, ಪುಲ್ ಎಂದರೆ ಅಲ್ಲಿ ಅದೃಷ್ಟದ ಚೀಟಿ ಎತ್ತಿದ ಹಾಗೆ; 90ಕ್ಕೆ ಕೊಡುತ್ತೇವೆ ಎಂದು ಕಂಪನಿಯೇ ಹೇಳಿದೆ. ನಮ್ಮ ಗೇಮಲ್ಲಿ ಯಾರು ಹೇಳಿದ್ದು? ಆ ಹೊತ್ತಿಗೆ ನನಗೆ ಇದು ಹೊಳೆಯಲೇ ಇಲ್ಲ. ಯುಪಿಐ ಮಾಡಿಬಿಟ್ಟೆ.

43 ರನ್ ಆಯಿತು. ಏನೂ ಇಲ್ಲ. ಕೇಳಿದೆ. "ಅಣ್ಣ, ಅದು ಆವರೇಜ್ ಅಲ್ವಾ." ಹೋಟೆಲಲ್ಲಿ ಬರ್ಲೇಬೇಕು, ಈಗ ಆವರೇಜ್! ಜೊತೆಗೆ ಇನ್ನೊಂದು ಗಾಳ: ರಾತ್ರಿ 2ರಿಂದ 4ರ ನಡುವೆ ರೇಟ್ ಏರುತ್ತದಂತೆ, ಆ ಟೈಮ್‌ಟೇಬಲ್‌ಗೆ ಬೇರೆ 1,800. ಕೊಟ್ಟೆ. ಹೌದು ಮಾರಾಯ್ರೆ, ಅದನ್ನೂ ಕೊಟ್ಟೆ. ನಿದ್ದೆಗೆಟ್ಟು 160 ರನ್ ಮುಟ್ಟಿಸಿದೆ. ಕತ್ತಿ ಬರಲಿಲ್ಲ. ಪ್ರತಿ ರನ್ನಿನ ಲೆಕ್ಕವನ್ನೂ ಅವನಿಗೆ ಕಳಿಸಿದೆ. ಉತ್ತರ: "ನಿಮ್ಮ ಅಕೌಂಟ್‌ದೇ ಏನೋ ಪ್ರಾಬ್ಲಂ ಉಂಟು."

ಆಮೇಲೆ ಕುಳಿತು ಪಿಯುಸಿ ಲೆಕ್ಕ ಮಾಡಿದೆ. ಅವನ 2.36 ಸರಿಯೇ ಎಂದಿಟ್ಟುಕೊಳ್ಳಿ. ಒಂದು ರನ್ನಿನಲ್ಲಿ ಸಿಗದಿರುವ ಚಾನ್ಸ್ 0.9764. 43 ರನ್ನಿಗೆ ಅಂಥ 43ನ್ನು ಒಂದಕ್ಕೊಂದು ಗುಣಿಸಬೇಕು. ಸುಮಾರು 0.36 ಬರುತ್ತದೆ. 100 ಜನ 43 ರನ್ ಮಾಡಿದರೆ 36 ಜನರಿಗೆ ಬರಿಗೈ! ಹಿಂದಿನ 43 ಖಾಲಿ ಹೋಯಿತು ಎಂದು 44ನೆಯದಕ್ಕೆ ಕರುಣೆ ಬರುವುದೂ ಇಲ್ಲ, ಅದಕ್ಕೂ ಅದೇ 2.36. ಬರೀ 5 ಡ್ರಾಪ್ ನೋಡಿ ರೇಟ್ ಹೇಳಿದರೆ ನಿಜವಾದ ರೇಟ್ ಸುಮಾರು 0.8ರಿಂದ 5.4 ಪರ್ಸೆಂಟಿನವರೆಗೆ ಎಲ್ಲಿ ಬೇಕಾದರೂ ಇರಬಹುದು. ಇಷ್ಟಕ್ಕೆ ಎರಡು ದಶಾಂಶ ಬೇರೆ ಕೇಡು.

ಅದೂ ಹೋಗಲಿ. 160 ರನ್ ಮಾಡಿದ 100 ಜನರಲ್ಲಿ ಬರಿಗೈ ಆಗಬೇಕಾದವರು 2 ಜನ. ನಾನು ಅಷ್ಟು ದುರದೃಷ್ಟದವನಾ ಎಂದು ಶೀಟನ್ನು ಮತ್ತೆ ತೆರೆದು ಕೆಳಗೆ ಎಳೆದೆ. ಐದು ಜನ ಆಟಗಾರರು. ಒಬ್ಬೊಬ್ಬರ ಕೊನೆಯ ಸಾಲು ನೋಡಿದೆ. ಡ್ರಾಪ್. ಡ್ರಾಪ್. ಡ್ರಾಪ್. ಐದಕ್ಕೆ ಐದೂ! ಕತ್ತಿ ಸಿಕ್ಕಿತು, ಲೆಕ್ಕ ಕಳಿಸಿದರು, ಮುಗಿಯಿತು. ಸಿಗದೆ ಬಿಟ್ಟುಹೋದವನು ಒಬ್ಬನೂ ಇಲ್ಲ. ಅಂಥವರ ಖಾಲಿ ರನ್ನೂ ಸೇರಿದ್ದರೆ ರೇಟ್ ಇಳಿಯುತ್ತಿತ್ತು. ಹೋಟೆಲಲ್ಲೇ ಕಣ್ಣೆದುರು ಇತ್ತು, ನಾನು ಗೋಳಿಬಜೆ ಚಟ್ನಿಗೆ ಅದ್ದುತ್ತಿದ್ದೆ.

ಬಂದರಿನಲ್ಲೂ ಹೀಗೇ ಅಲ್ವಾ. ತುಂಬಿ ಬಂದ ಬೋಟಿನ ಸುದ್ದಿ ಎಲ್ಲರ ಬಾಯಲ್ಲಿ. ಡೀಸೆಲ್ ಸುಟ್ಟು ಖಾಲಿ ಬಂದ ಬೋಟು ನನ್ನ ಪುಸ್ತಕದಲ್ಲಿ ಮಾತ್ರ, ಐಸಿನ ಸಾಲದ ಪುಟದಲ್ಲಿ. ಆ ಪುಟ ಬರೆಯುವವನೇ ನಾನು!

ಅವನಿಗೆ ಇದನ್ನು ಹೇಳಿದೆ. "ಸಿಗದವರು ಲೆಕ್ಕ ಕೊಡೋದಿಲ್ಲ ಅಣ್ಣ, ನಾನೇನು ಮಾಡ್ಲಿ?" ನಾನು ಕೊಟ್ಟಿದ್ದೆನಲ್ಲ ಎಂದೆ. ಬ್ಲಾಕ್ ಮಾಡಿದ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು ಎಂದ ಒಬ್ಬ ಗೆಳೆಯ. ಏನೆಂದು ಹೇಳಲಿ? ಕತ್ತಿ ಬೀಳಲಿಲ್ಲ ಎಂದು ಕಂಪ್ಲೇಂಟಾ? ನೀವಾದರೂ ಯಾರದೇ ಶೀಟ್ ಇರಲಿ, ಖಾಲಿ ಕೈಯವರ ಲೆಕ್ಕ ಎಲ್ಲಿ ಎಂದು ಮೊದಲು ಕೇಳಿ. "ಬರ್ಲೇಬೇಕು" ಎಂದವನಿಗೆ ಚಹಾ ಕೂಡ ಕುಡಿಸಬೇಡಿ. ರಾತ್ರಿಯ ಟೈಮ್‌ಟೇಬಲ್ ಬರೀ ಬೊಗಳೆ.

ಮೊನ್ನೆ ಸುರತ್ಕಲ್‌ನ ಇನ್ನೊಬ್ಬ ಅದೇ ಶೀಟ್ ತಗೊಂಡು ನನಗೆ ತೋರಿಸಿದ. ಹೊಸದಂತೆ. 248 ಸಲ, 6 ಡ್ರಾಪ್. ಆರನೆಯವನ ಕೊನೆಯ ಸಾಲೂ ಡ್ರಾಪ್. ನನ್ನ 160 ರನ್ ಹುಡುಕಿದೆ, ಮೇಲಿಂದ ಕೆಳಗೆ ಎರಡು ಸಲ. ಒಂದು ಸಾಲೂ ಇಲ್ಲ.