ಹತ್ತು ಡಾಲರಿನ ಗಿಡ, ಆರು ವರ್ಷದ ಕರಿಬೇವು

ಮೊದಲು ಕಿಟಕಿ ಕಟ್ಟೆ ಅಂಟಂಟಾಯಿತು. ಜನವರಿ ಎರಡನೇ ವಾರ ಇರಬೇಕು. ಒರೆಸಲು ಹೋದರೆ ಬಟ್ಟೆ ಮುಂದೆ ಹೋಗುತ್ತಿಲ್ಲ, ಹಿಡಿದುಕೊಳ್ಳುತ್ತಿದೆ. ಮಗಳು ಜ್ಯೂಸ್ ಚೆಲ್ಲಿದ್ದಾಳೆ ಅಂದುಕೊಂಡು ಸುಮ್ನೆ ಆ ಮಗುವಿಗೆ ಬೈದೆ. ಬಿಸಿನೀರು ಹಾಕಿ ಒರೆಸಿದೆ. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಅಂಟು, ಈ ಸಲ ಪಕ್ಕದಲ್ಲಿದ್ದ ಕರಿಬೇವಿನ ಎಲೆಗಳ ಮೇಲೂ. ಯಾರೋ ಬೆಲ್ಲದ ನೀರು ಚಿಮುಕಿಸಿದ ಹಾಗೆ ಹೊಳೆಯುತ್ತಿತ್ತು. ಒಂದು ಕಡ್ಡಿ ಹಿಡಿದು ತಿರುಗಿಸಿದೆ. ಎಲೆ ಕಡ್ಡಿಗೆ ಸೇರುವ ಸಂದಿಯಲ್ಲಿ ಹತ್ತಿಯ ಚೂರಿನಂಥದ್ದು. ಉಗುರಿನಿಂದ ಒತ್ತಿದರೆ ಕಿತ್ತಳೆ ಬಣ್ಣದ ರಸ ಬಂತು.

ಹಿಟ್ಟು ತಿಗಣೆ, ಗಿಡದ ರಸ ಹೀರುವ ಪುಟ್ಟ ಬಿಳಿ ಹುಳ.

ಎಲ್ಲಿಂದ ಬಂತು ಅಂತ ಗೊತ್ತಾಗಲು ಇನ್ನೂ ಎರಡು ನಿಮಿಷ ಹಿಡಿಯಿತು. ಅದೇ ಕಟ್ಟೆಯ ಮೇಲೆ, ಕರಿಬೇವಿಗೆ ತಾಗಿಕೊಂಡೇ, ಡಿಸೆಂಬರಿನಲ್ಲಿ ಗ್ರೋಸರಿ ಅಂಗಡಿಯಿಂದ ತಂದ ಕ್ರಿಸ್‌ಮಸ್ ಹಬ್ಬದ ಗಿಡ ಇತ್ತು. ಈ ಬರಹ ಅದರ ಬಗ್ಗೆ. ಇನ್ನು ಸ್ವಲ್ಪ ದಿನಕ್ಕೆ ಮತ್ತೆ ಆ ಗಿಡಗಳು ಅಂಗಡಿ ಬಾಗಿಲಲ್ಲಿ ಸಾಲಾಗಿ ನಿಲ್ಲುತ್ತವೆ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನಾವಿರುವುದು ಷಿಕಾಗೊ ಪಕ್ಕದ ಊರಿನಲ್ಲಿ. ಕರಿಬೇವಿನ ಗಿಡಕ್ಕೆ ಇಷ್ಟೊಂದು ರಂಪವಾ ಅಂತ ಮೈಸೂರಿನಲ್ಲಿರುವ ನನ್ನ ತಂಗಿ ನಗುತ್ತಾಳೆ, ಅವಳಿಗೆ ಕಾಂಪೌಂಡ್ ಗೋಡೆಯಾಚೆ ಕೈ ಚಾಚಿದರೆ ಸೊಪ್ಪು. ಇಲ್ಲಿ ಹಾಗಲ್ಲ. ಸಿಟ್ರಸ್ ಸಿಲ್ಲಿಡ್ ಅಂತ ಒಂದು ಪುಟ್ಟ ಹುಳ ಇದೆ, ನಿಂಬೆ ಕಿತ್ತಳೆ ಗಿಡಗಳಿಗೆ ಗ್ರೀನಿಂಗ್ ರೋಗ ಹಚ್ಚುವುದು ಅದೇ. 2005ರಲ್ಲಿ ಫ್ಲಾರಿಡಾದಲ್ಲಿ ಆ ರೋಗ ಕಾಣಿಸಿಕೊಂಡ ಮೇಲೆ ಅಲ್ಲಿನ ಕಿತ್ತಳೆ ತೋಟಗಳು ನೆಲಕಚ್ಚಿದವು. ಕರಿಬೇವು ನಿಂಬೆಯ ಕುಟುಂಬದ್ದೇ, ಆ ಹುಳಕ್ಕೆ ಇದೂ ಬಲು ಇಷ್ಟ. ಹಾಗಾಗಿ ಊರಿಂದ ಗಿಡ ಹೋಗಲಿ, ಹಸಿ ಸೊಪ್ಪನ್ನೂ ಸೂಟ್‌ಕೇಸಿನಲ್ಲಿ ತರುವಂತಿಲ್ಲ. ಗಿಡ ಮಾರುವವರು ಎಷ್ಟೋ ರಾಜ್ಯಗಳಿಗೆ ಕಳಿಸುವುದೂ ಇಲ್ಲ. ನನ್ನ ಗಿಡ ಇಲ್ಲೇ ಒಬ್ಬರು ಪರಿಚಯದ ಆಂಟಿ ಕೊಟ್ಟಿದ್ದು, ಬೆರಳುದ್ದದ ಮರಿ, ಮೊಸರಿನ ಡಬ್ಬದಲ್ಲಿ. ಆರು ವರ್ಷಕ್ಕೆ ಮಗಳಿಗಿಂತ ಎತ್ತರ ಆಗಿತ್ತು. ಬೇಸಿಗೆಯಲ್ಲಿ ಹೊರಗೆ ಡೆಕ್ ಮೇಲೆ, ಸೆಪ್ಟೆಂಬರಿನ ಚಳಿ ಶುರುವಾದ ತಕ್ಷಣ ಒಳಗೆ ದಕ್ಷಿಣದ ಕಿಟಕಿಗೆ. ಪ್ರತಿ ವರ್ಷ ಹೊತ್ತು ಹೊತ್ತು ನಮ್ಮನೆಯವರ ಸೊಂಟ ಹಿಡಿದುಕೊಂಡಿದೆ, ಅದು ಬೇರೆ ಕಥೆ.

ಈಗ ಅಂಗಡಿಗೆ ಬರೋಣ. ಡಿಸೆಂಬರ್ ಮೊದಲ ಶನಿವಾರ, ಹಾಲು ಮೊಸರು ತರಲು ಹೋದವರು ನಾವು. ಬಾಗಿಲಲ್ಲೇ ಗಿಡಗಳ ಜಾತ್ರೆ. ಪಾಯಿನ್ಸೆಟಿಯಾ ಅಂತ, ನೀವೆಲ್ಲ ನೋಡಿರುತ್ತೀರಿ, ಕೆಂಪು ಎಲೆಯದ್ದು. ನಮ್ಮ ಮಗಳಿಗೆ ಕೆಂಪು ಬೇಡವಂತೆ. ನೀಲಿ ಬಣ್ಣ ಹೊಡೆದು ಮೇಲೆ ಬಿಳಿ ಗ್ಲಿಟರ್ ಉದುರಿಸಿದ್ದೇ ಬೇಕು. ಹತ್ತು ಡಾಲರ್. ಜೊತೆಗೆ ಮೇಣದಲ್ಲಿ ಅದ್ದಿದ ಅಮರಿಲ್ಲಿಸ್ ಗೆಡ್ಡೆ ಒಂದು, "ನೀರೂ ಬೇಡ, ಮಣ್ಣೂ ಬೇಡ" ಅಂತ ಚೀಟಿ ಅಂಟಿಸಿದ್ದು. ಬಿಲ್ಲಿಂಗ್ ಹತ್ತಿರ ಒಂದು ಪುಟ್ಟ ಕ್ಯಾಕ್ಟಸ್, ತಲೆಯ ಮೇಲೆ ಗುಲಾಬಿ ಹೂವು. ಮೂರನ್ನೂ ತಂದೆವು. ಹಬ್ಬದ ಸಮಯದಲ್ಲಿ ಮಗುವಿಗೆ ಬೇಡ ಅನ್ನೋದು ಹೇಗೆ, ಅಲ್ವಾ?

ಆಗ ಅಮ್ಮ ಬಂದಿದ್ದರು ಊರಿಂದ. ನೀಲಿ ಗಿಡ ನೋಡಿ ಮೊದಲು ಒಂದು ಎಲೆ ಕಿತ್ತರು. ತೊಟ್ಟಿನಲ್ಲಿ ಹಾಲು ಬಂತು. "ಇದು ಕಳ್ಳಿ ಜಾತಿ ಕಣೇ. ಇದಕ್ಕ್ಯಾಕೆ ಸುಣ್ಣ ಬಣ್ಣ ಹೊಡೆದಿದ್ದಾರೆ?" ಅಂದರು. ಸಸ್ಯಶಾಸ್ತ್ರ ಓದಿದವರಲ್ಲ ಅಮ್ಮ, ಆದರೆ ಮಾತು ನೂರಕ್ಕೆ ನೂರು ಸರಿ. ಇದು ಯುಫೋರ್ಬಿಯಾ, ನಮ್ಮ ಬೇಲಿಯ ಕಳ್ಳಿಯ ದಾಯಾದಿ. ಮೂಲ ಮೆಕ್ಸಿಕೋ. 1820ರ ದಶಕದಲ್ಲಿ ಅಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದ ಜೋಯಲ್ ಪಾಯಿನ್ಸೆಟ್ ಇದನ್ನು ತನ್ನೂರಿಗೆ ಕಳಿಸಿದ, ಅವನ ಹೆಸರೇ ಉಳಿದುಕೊಂಡಿತು. ನಾವು ಹೂವು ಅನ್ನುವ ಆ ಕೆಂಪು ನಿಜವಾಗಿ ಎಲೆಯೇ, ಹೂವು ನಡುವಿನ ಹಳದಿ ಚುಕ್ಕಿಗಳು. ಮೈಸೂರಿನಲ್ಲಿ ನಮ್ಮ ಹಳೇ ಬಾಡಿಗೆ ಮನೆಯ ಹಿತ್ತಲಲ್ಲಿ ಇದು ಹಂಚಿನ ತನಕ ಬೆಳೆದಿತ್ತು, ರಾತ್ರಿ ಉದ್ದವಾಗುವ ಕಾಲಕ್ಕೆ ತನ್ನಷ್ಟಕ್ಕೆ ಕೆಂಪಾಗುತ್ತಿತ್ತು, ಯಾರೂ ಒಂದು ಚೊಂಬು ನೀರು ಹಾಕಿದ್ದು ನೆನಪಿಲ್ಲ. ಅದೇ ಗಿಡ ಇಲ್ಲಿ ಹತ್ತು ದಿನಕ್ಕೆ ಎಲೆ ಉದುರಿಸಿತು.

ಯಾಕೆ ಅಂದರೆ ತಪ್ಪು ಸ್ವಲ್ಪ ನಂದೂ ಇದೆ. ಅಂಗಡಿಯಿಂದ ಕಾರಿನ ತನಕ ಆ ಚಳಿಯಲ್ಲಿ ಗಿಡಕ್ಕೆ ಏನೂ ಮುಚ್ಚದೆ ಹಾಗೇ ಹಿಡಿದುಕೊಂಡು ಬಂದೆ. ಪಾಯಿನ್ಸೆಟಿಯಾಕ್ಕೆ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಮ್ಮಿ ಆದರೆ ಆಗುವುದಿಲ್ಲ, ಅವತ್ತು ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಎರಡು ನಿಮಿಷದ ದಾರಿ, ಅಷ್ಟು ಸಾಕು ಅದಕ್ಕೆ. ಇನ್ನೊಂದು, ಕುಂಡಕ್ಕೆ ಸುತ್ತಿದ ಆ ಹೊಳೆಯುವ ಫಾಯಿಲ್. ಕುಂಡಕ್ಕೆ ತಳದಲ್ಲಿ ತೂತು ಇರುತ್ತದೆ, ಫಾಯಿಲ್‌ಗೆ ಇರುವುದಿಲ್ಲ. ನೀರು ಹಾಕಿದ್ದೆಲ್ಲ ಕೆಳಗೆ ನಿಂತು ಬೇರು ಅದರಲ್ಲೇ ಕೊಳೆಯುತ್ತದೆ. ಬಿಚ್ಚಿ ನೋಡಿದಾಗ ಚರಂಡಿ ವಾಸನೆ. ಗಿಡ ತಂದ ದಿನವೇ ಫಾಯಿಲ್ ಬಿಚ್ಚಿ, ಇಲ್ಲ ಅಂದರೆ ಕೆಳಗೆ ನಾಲ್ಕು ತೂತು ಹೊಡೆದು ತಟ್ಟೆ ಇಡಿ.

ಆದರೆ ಎಲೆ ಉದುರಿದ್ದಕ್ಕೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಹತ್ತು ಡಾಲರ್ ಹೋಯಿತು ಅಂತ ಸುಮ್ಮನಾಗುತ್ತಿದ್ದೆ. ವಿಷಯ ಆ ಗ್ಲಿಟರಿನದು. ಕೊಂಬೆಯ ಸಂದಿಗಳಲ್ಲಿ, ಎಲೆಯ ಅಡಿಯಲ್ಲಿ, ತೊಟ್ಟಿನ ಬುಡದಲ್ಲಿ ಎಲ್ಲ ಬಿಳಿ ಬಿಳಿ ಚೂರು. ಹಿಮ ಬಿದ್ದ ಹಾಗೆ ಕಾಣಲಿ ಅಂತ ಉದುರಿಸಿದ್ದು. ಹಿಟ್ಟು ತಿಗಣೆಯೂ ಬಿಳಿ, ಅದೇ ಸಂದಿಯಲ್ಲೇ ಕೂರುತ್ತದೆ, ಅದರ ಮೊಟ್ಟೆಚೀಲವೂ ಹತ್ತಿಯ ಥರವೇ. ಮೂರು ವಾರ ದಿನಾ ಕಾಫಿ ಲೋಟ ಹಿಡಿದುಕೊಂಡು ಆ ಗಿಡದ ಮುಂದೆ ನಿಂತಿದ್ದೇನೆ ನಾನು. ಗ್ಲಿಟರ್ ಅಂದುಕೊಂಡೇ ನೋಡಿದ್ದೇನೆ! ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಹೀಟರ್ ಹಾಕಿದ ಬೆಚ್ಚಗಿನ ಮನೆ, ಮಳೆ ಇಲ್ಲ, ತಿನ್ನುವ ಜೇಡ ಇಲ್ಲ, ಪಕ್ಕದಲ್ಲೇ ಎಲೆಗೆ ಎಲೆ ತಾಗಿಸಿಕೊಂಡು ಕರಿಬೇವು. ಮರಿಗಳು ಆರಾಮಾಗಿ ನಡೆದುಕೊಂಡು ಹೋಗಿವೆ. ರಸ ಹೀರಿ ಸಿಹಿ ಅಂಟು ಬಿಟ್ಟಿವೆ. ನಾನು ಮಗಳಿಗೆ ಬೈದಿದ್ದು ಅದಕ್ಕೆ.

ನೀಲಿ ಗಿಡ ಅವತ್ತೇ ಕಸಕ್ಕೆ ಹೋಯಿತು, ದಪ್ಪ ಚೀಲದಲ್ಲಿ ಕಟ್ಟಿ. ಕರಿಬೇವಿಗೆ ಆರು ವಾರ ಆರೈಕೆ. ಎಪ್ಪತ್ತು ಪರ್ಸೆಂಟಿನ ರಬ್ಬಿಂಗ್ ಆಲ್ಕೋಹಾಲ್‌ನಲ್ಲಿ ಕಿವಿಗೆ ಹಾಕುವ ಬಡ್ ಅದ್ದಿ, ಒಂದೊಂದು ಸಂದಿಯನ್ನೂ ಮುಟ್ಟಿ, ಆಮೇಲೆ ಬಾತ್‌ಟಬ್‌ನಲ್ಲಿ ಮಲಗಿಸಿ ಸೋಪು ನೀರಿನಲ್ಲಿ ತೊಳೆದು. ಭಾನುವಾರ ಬೆಳಿಗ್ಗೆ ನಾನು ಅಮ್ಮ ಇಬ್ಬರೂ ಕೂತರೆ ಏಳುವಾಗ ಹನ್ನೊಂದು ಗಂಟೆ. ಹೇನು ನೋಡಿದ ಹಾಗೆ ನೋಡುತ್ತಿದ್ದರು ಅಮ್ಮ, ಮಡಿಲಲ್ಲಿ ಕೊಂಬೆ ಇಟ್ಟುಕೊಂಡು. ಒಂದು ವಾರ ಏನೂ ಕಾಣುವುದಿಲ್ಲ, ಗೆದ್ದೆವು ಅನ್ನಿಸುತ್ತದೆ, ಮುಂದಿನ ವಾರ ಮೊಟ್ಟೆ ಒಡೆದು ಮತ್ತೆ ಅಷ್ಟೇ. ನಿಮ್ಮ ಗಿಡಕ್ಕೂ ಬಂದರೆ ಇದು ಗೊತ್ತಿರಲಿ, ಒಂದು ಸಲ ತೊಳೆದು ಬಿಟ್ಟರೆ ಏನೂ ಉಪಯೋಗ ಇಲ್ಲ. ಬೇವಿನೆಣ್ಣೆಯನ್ನೂ ಹೊಡೆದೆ, ಮನೆಯೆಲ್ಲ ನಾತ, ಹುಳಕ್ಕಿಂತ ಮುಂಚೆ ನಮ್ಮನೆಯವರು ಓಡಿಹೋಗುವ ಹಾಗಿತ್ತು.

ಇಲ್ಲಿ ಒಂದು ಮುಖ್ಯ ಮಾತು. ಒಬ್ಬರು ನನಗೆ ಹರಳು ಹರಳಾದ ಕೀಟನಾಶಕ ಹೇಳಿದರು, ಮಣ್ಣಿಗೆ ಹಾಕಿದರೆ ಬೇರಿನಿಂದ ಗಿಡಕ್ಕೆಲ್ಲ ಏರಿ ಹುಳ ಸಾಯುತ್ತದೆ, ಎರಡು ತಿಂಗಳು ಯೋಚನೆ ಇಲ್ಲ ಅಂತ. ತಂದೂ ಬಿಟ್ಟೆ. ಡಬ್ಬದ ಹಿಂದೆ ಸಣ್ಣ ಅಕ್ಷರ ಓದಿದರೆ ಇಮಿಡಾಕ್ಲೋಪ್ರಿಡ್, ತಿನ್ನುವ ಗಿಡಗಳಿಗೆ ಹಾಕಬೇಡಿ ಅಂತ ಸ್ಪಷ್ಟವಾಗಿದೆ. ಗಿಡಕ್ಕೆಲ್ಲ ಏರುತ್ತದೆ ಅಂದರೆ ಎಲೆಗೂ ಏರುತ್ತದೆ, ಎಲೆ ಒಗ್ಗರಣೆಗೆ, ಒಗ್ಗರಣೆ ಮಗುವಿನ ಸಾರನ್ನಕ್ಕೆ. ವಾಪಸ್ ಕೊಟ್ಟು ಬಂದೆ. ಕರಿಬೇವು, ತುಳಸಿ, ದೊಡ್ಡಪತ್ರೆ ಇರುವವರು ದಯವಿಟ್ಟು ಆ ಹರಳು ಮುಟ್ಟಬೇಡಿ.

ಫೆಬ್ರವರಿ ಕೊನೆಗೆ ಕರಿಬೇವಿನ ಎಲೆ ಪೂರ್ತಿ ಉದುರಿತು. ಚಳಿಗಾಲದಲ್ಲಿ ಸ್ವಲ್ಪ ಉದುರುವುದು ಮಾಮೂಲಿ, ಇದು ಹಾಗಿರಲಿಲ್ಲ. ಕುಂಡದಿಂದ ಎತ್ತಿ ನೋಡಿದರೆ ಬೇರಿನಲ್ಲೂ ಬಿಳಿ. ಕಾಂಡವನ್ನು ಉಗುರಿನಿಂದ ಕೆರೆದು ನೋಡಿದೆ, ಮೇಲಿಂದ ಕೆಳಗೆ, ಗೇಣು ಗೇಣು. ಎಲ್ಲ ಕಂದು. ಏಪ್ರಿಲ್ ತನಕ ಕಾದೆ, ಬುಡದಿಂದಾದರೂ ಏನಾದರೂ ಬರಬಹುದು ಅಂತ. ಬರಲಿಲ್ಲ.

ಉಳಿದೆರಡು ಗಿಡಗಳ ಕಥೆಯೂ ಹೇಳಿಬಿಡುತ್ತೇನೆ. ಅಮರಿಲ್ಲಿಸ್ ಚೆನ್ನಾಗಿ ಅರಳಿತು, ಸುಳ್ಳು ಹೇಳಬಾರದು. ಅಂಗೈಯಗಲದ ಹೂವು, ಎರಡು ದಂಟು. ಬಾಡಿದ ಮೇಲೆ ಮುಂದಿನ ವರ್ಷಕ್ಕೆ ಇಡೋಣ ಅಂತ ಮಗಳು ಹಟ ಹಿಡಿದಳು. ಚಾಕುವಿನಿಂದ ಮೇಣ ಬಿಡಿಸಿದೆ. ಈರುಳ್ಳಿಯ ಬೇರಿನ ಕಡೆ ಚಪ್ಪಟೆಯಾಗಿ ಕತ್ತರಿಸಿ ಎಸೆಯುತ್ತೀವಲ್ಲ, ಹಾಗೆ ಕತ್ತರಿಸಿದ್ದಾರೆ, ನಿಲ್ಲಲಿ ಅಂತ ಒಳಗೆ ತಂತಿ ಚುಚ್ಚಿದ್ದಾರೆ. ಬೇರು ಬರುವ ಜಾಗವೇ ಇಲ್ಲ. ತಳ ಸ್ವಲ್ಪ ಉಳಿದಿದ್ದರೆ ಮಣ್ಣಿಗೆ ಹಾಕಿ ಬದುಕಿಸಿದವರೂ ಇದ್ದಾರೆ, ನನ್ನದರಲ್ಲಿ ಉಳಿದಿರಲಿಲ್ಲ. ಗೆಡ್ಡೆ ತನ್ನಲ್ಲಿದ್ದ ಸತ್ವವನ್ನೆಲ್ಲ ಆ ಒಂದು ಸಲದ ಹೂವಿಗೆ ಸುರಿದು ಮುಗಿಯಿತು. ನೀರು ಬೇಡ ಮಣ್ಣು ಬೇಡ ಅನ್ನುವ ಚೀಟಿಯ ಅರ್ಥ ಅದು. (ಆ ಗೆಡ್ಡೆ ವಿಷ, ನಾಯಿ ಬೆಕ್ಕು ಕಚ್ಚದ ಹಾಗೆ ನೋಡಿಕೊಳ್ಳಿ.)

ಕ್ಯಾಕ್ಟಸ್ ಹೂವು ಇನ್ನೂ ಮೋಸ. ಮಗಳು ದಿನಾ ಸ್ಪ್ರೇಯಲ್ಲಿ ನೀರು ಹೊಡೆಯುತ್ತಿದ್ದಳು, ಹೂವು ಮುಚ್ಚಿಕೊಳ್ಳುತ್ತಿತ್ತು, ಒಣಗಿದಾಗ ಬಿಚ್ಚುತ್ತಿತ್ತು. "ಅದು ನಿದ್ದೆ ಮಾಡುತ್ತೆ" ಅಂತ ಅವಳ ಖುಷಿ. ಒಂದು ದಿನ ಮುಟ್ಟಿದರೆ ಕಾಗದದ ಥರ ಗರಗರ. ಸ್ಟ್ರಾಫ್ಲವರ್ ಅಂತ ಬೇರೆ ಗಿಡದ ಒಣಹೂವನ್ನು ಬಿಸಿ ಅಂಟಿನಿಂದ ಕೂರಿಸಿದ್ದಾರೆ. ಆ ಹೂವಿನ ಎಸಳು ಸತ್ತ ಮೇಲೂ ತೇವಕ್ಕೆ ಮುಚ್ಚಿ ಒಣಗಿದರೆ ತೆರೆಯುತ್ತದೆ, ಅದರಲ್ಲಿ ಜೀವದ ಲೇಶ ಇಲ್ಲ. ಕೀಳಲು ಹೋದೆ, ಮುಳ್ಳಿನ ಸಮೇತ ಸಿಪ್ಪೆ ಎದ್ದುಬಂತು, ಅಲ್ಲಿಂದ ಕೊಳೆಯಲು ಶುರುವಾಯಿತು. ಮಗಳಿಗೆ ನಿಜ ಹೇಳಲು ನನಗೆ ಮನಸ್ಸಾಗಲಿಲ್ಲ, ಅಮ್ಮನೇ ಹೇಳಿದರು.

ಈ ಆಟ ವರ್ಷವಿಡೀ ನಡೆಯುತ್ತದೆ. ಫೆಬ್ರವರಿಯಲ್ಲಿ ಹೃದಯದ ಆಕಾರದ ಒಂಟಿ ಎಲೆ ಕುಂಡದಲ್ಲಿ ನೆಟ್ಟು ಮಾರುತ್ತಾರೆ, ಹೋಯಾ ಅಂತ. ಗೆಣ್ಣು ಇಲ್ಲದ ಬರೀ ಎಲೆಯಾದರೆ ವರ್ಷಗಟ್ಟಲೆ ಹಸಿರಾಗಿರುತ್ತದೆ, ಬಳ್ಳಿ ಮಾತ್ರ ಆಗುವುದಿಲ್ಲ. ನೀಲಿ ಆರ್ಕಿಡ್‌ಗೆ ದಂಟಿನಲ್ಲಿ ಬಣ್ಣ ಏರಿಸಿರುತ್ತಾರೆ, ಮುಂದಿನ ಹೂವು ಬಿಳಿ. ಈಸ್ಟರ್ ಹೊತ್ತಿಗೆ ಬಿಳಿ ಲಿಲ್ಲಿ ಬರುತ್ತದೆ, ಇದನ್ನು ಮಾತ್ರ ತಮಾಷೆ ಮಾಡುವುದಿಲ್ಲ: ಮನೆಯಲ್ಲಿ ಬೆಕ್ಕಿದ್ದರೆ ಲಿಲ್ಲಿ ಹೊಸಿಲು ದಾಟಬಾರದು. ಎಲೆ, ಹೂವು, ಮೈಗೆ ಅಂಟಿದ ಪರಾಗ ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಕಿಡ್ನಿ ಹೋಗುತ್ತದೆ. ಪಾಯಿನ್ಸೆಟಿಯಾ ಭಯಂಕರ ವಿಷ ಅಂತ ಎಲ್ಲರೂ ಹೆದರುತ್ತಾರೆ, ಅದರ ಹಾಲು ತಾಗಿದರೆ ತುರಿಕೆ, ತಿಂದರೆ ವಾಂತಿ, ಸಾಮಾನ್ಯವಾಗಿ ಅಷ್ಟೇ. ನಿಜವಾಗಿ ಕೊಲ್ಲುವ ಲಿಲ್ಲಿಯನ್ನು ಯಾವ ಯೋಚನೆಯೂ ಇಲ್ಲದೆ ತಂದಿಡುತ್ತಾರೆ.

ತರಲೇಬೇಡಿ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ, ಮಕ್ಕಳಿದ್ದ ಮನೆಯಲ್ಲಂತೂ. ತಂದರೆ ಹೂಗುಚ್ಛ ತಂದೆವು ಅಂದುಕೊಳ್ಳಿ, ಹಬ್ಬ ಮುಗಿದ ಮೇಲೆ ಕಸಕ್ಕೆ. ಬಣ್ಣ, ಗ್ಲಿಟರ್, ನಕಲಿ ಹಿಮ ಹೊಡೆದದ್ದು ಬೇಡ, ಹುಳ ಇದ್ದರೂ ಕಾಣುವುದಿಲ್ಲ. ಅಂಗಡಿಯಲ್ಲೇ ಎಲೆ ತಿರುಗಿಸಿ ಸಂದಿ ನೋಡಿ, ಕುಂಡ ಎತ್ತಿ ತಳ ನೋಡಿ, ಯಾರಾದರೂ ಗುರಾಯಿಸಿದರೆ ಗುರಾಯಿಸಲಿ. ಕಾರಿಗೆ ತರುವಾಗ ದೊಡ್ಡ ಚೀಲದಲ್ಲಿ ಮುಚ್ಚಿ. ಮನೆಯಲ್ಲಿ ಕರಿಬೇವು ಇರುವ ಕೋಣೆಯಲ್ಲಿ ಮಾತ್ರ ಇಡಬೇಡಿ. ಬೇರೆ ಕೋಣೆ, ಬಾಗಿಲು ಹಾಕಿ, ಕನಿಷ್ಠ ಒಂದು ತಿಂಗಳು. ನೀರು ಹಾಕುವಾಗಲೂ ಮೊದಲು ಕರಿಬೇವಿಗೆ ಹಾಕಿ ಆಮೇಲೆ ಅದಕ್ಕೆ ಹೋಗಿ, ನಿಮ್ಮ ಕೈ, ತೋಳಿನ ಬಟ್ಟೆಯಲ್ಲೂ ಮರಿಗಳು ಬರುತ್ತವೆ.

ಈಗ ಇಂಡಿಯನ್ ಸ್ಟೋರಿನಿಂದ ಪೊಟ್ಟಣದ ಸೊಪ್ಪು ತರುತ್ತಿದ್ದೇನೆ, ಮೂರು ದಿನಕ್ಕೆ ಕಪ್ಪಾಗುತ್ತದೆ. ಹೋದ ವಾರ ಸಾರಿಗೆ ಒಗ್ಗರಣೆ ಹಾಕುವಾಗ ಎಣ್ಣೆ ಕಾದ ಮೇಲೆ ಅಭ್ಯಾಸಬಲದಿಂದ ಕಿಟಕಿ ಕಡೆ ಹೋಗಿ ನಿಂತೆ, ಸಾಸಿವೆ ಸೀದುಹೋಯಿತು.

ಷಿಕಾಗೊ ಸುತ್ತಮುತ್ತ ಯಾರ ಮನೆಯಲ್ಲಾದರೂ ಕರಿಬೇವಿನ ಬುಡದಲ್ಲಿ ಮರಿ ಎದ್ದಿದ್ದರೆ ಹೇಳಿ, ನಾನೇ ಬಂದು ತಗೊಂಡು ಹೋಗುತ್ತೇನೆ. ಮೊಸರಿನ ಡಬ್ಬ ನಾನೇ ತರುತ್ತೇನೆ. ಕೊಡುವ ಮುಂಚೆ ಎಲೆಗಳನ್ನೆಲ್ಲ ತಿರುಗಿಸಿ ನೋಡಿದರೆ ಮಾತ್ರ ಬೇಜಾರು ಮಾಡ್ಕೋಬೇಡಿ.